ಯಾರ ಕಡೆಯೋನು ಅಂತ ಕೇಳಿದ ಕಂಪ್ಯೂಟರ್

ಈ ದೇಶದ ಅರ್ಧ ಕಂಪ್ಯೂಟರುಗಳಿಗೆ ಪಾಸ್‌ವರ್ಡಿನ ಕಾವಲು ಹಾಕಿದವನು ನಾನೇ. ಇದು ಸುಳ್ಳು. ಹಾಕಿದ್ದು ಒಂದು ಉಣ್ಣೆ ಸಂಘದ ನಾಲ್ಕು ಕಂಪ್ಯೂಟರಿಗೆ. ಅದರಲ್ಲೂ ಒಂದರ ಮೇಲೆ ಹೊಸದುರ್ಗ ಶಾಖೆಯವರು ಊಟದ ಡಬ್ಬಿ ಇಡುತ್ತಿದ್ದರು. ಆದರೆ ಮುಂದೆ ಹೇಳುವುದು ಮುಕ್ಕಾಲು ಪಾಲು ನಿಜ. ಜನ ಬೆಚ್ಚಿಬೀಳುವಂಥದ್ದು ನಾನಿರುವ ಕಡೆ ನಡೆಯುತ್ತಲೇ ಇರುತ್ತದೆ. ನಾನು ಹೋದಲ್ಲಿ ಅದು ಬರುತ್ತದೋ, ಅದಿರುವಲ್ಲಿಗೆ ನಾನು ಹೋಗುತ್ತೇನೋ ಗೊತ್ತಿಲ್ಲ. ನನ್ನ ಹೆಂಡತಿಗೆ ಗೊತ್ತು.

ಸಂಘಕ್ಕೆ ಕುರಿಗಾರರು ಉಣ್ಣೆ ತಂದು ತೂಗಿಸುತ್ತಾರೆ. ತೂಕವನ್ನು ಕಂಪ್ಯೂಟರಿಗೆ ಏರಿಸುವಾಗ ಯಾವ ಗುಮಾಸ್ತರದೋ ಹೆಸರಲ್ಲಿ ಇನ್ಯಾರೋ ಏರಿಸುತ್ತಿದ್ದರು. ಅಧ್ಯಕ್ಷರಿಗೆ ಇದು ಸರಿಬರಲಿಲ್ಲ. “ತೂಕ ಏರ್ಸೋ ಮೊದಲು ಕಂಪ್ಯೂಟರ್ ಪಾಸ್‌ವರ್ಡ್ ಕೇಳ್ಲಿ. ಹೊಸದೊಂದು ಬ್ಯಾಡ, ಇರೋದೇ ಇವ್ರಿಗೆ ನೆನಪಿರಲ್ಲ. ಬೆಳಿಗ್ಗೆ ಕಂಪ್ಯೂಟರ್ ತೆರೆಯಾಕೆ ಹಾಕ್ತಾರಲ್ಲ, ಅದೇ ಸಾಕು” ಅಂದರು.

ಕಂಪ್ಯೂಟರಿನೊಳಗೆ ಲಾಗಿನ್ ಸೇವೆ ಅಂತ ಒಂದಿರುತ್ತದೆ; ಬಾಗಿಲು ಕಾಯುವವನ ಹಾಗೆ. ನಾನು ಬರೆದ ಸ್ಕ್ರಿಪ್ಟು, ಅಂದರೆ ಪುಟ್ಟ ಪ್ರೋಗ್ರಾಮು, ಹೆಸರನ್ನೂ ಪಾಸ್‌ವರ್ಡನ್ನೂ ಅವನ ಹತ್ತಿರ ಒಯ್ದು “ಇವರು ನಮ್ಮವರೇನಪ್ಪ?” ಅಂತ ಕೇಳುತ್ತದೆ. ಅವನು ಹೂಂ ಅನ್ನುತ್ತಾನೆ, ಇಲ್ಲವೇ ಊಹೂಂ.

ಈ ಕೆಲಸಕ್ಕೆ ನನ್ನನ್ನು ಹಿಡಿದು ತಂದವರು ಚಿತ್ರದುರ್ಗದ ಮುಖ್ಯ ಕಚೇರಿಯ ಮ್ಯಾನೇಜರ್ ಸಾಹೇಬರು. “ಇವನು ಕೆಡಿಸಿದರೆ ನನ್ನನ್ನ ಚಿಕ್ಕಜಾಜೂರು ಗೋಡೌನಿಗೆ ಹಾಕ್ರಿ” ಅಂತ ಅಧ್ಯಕ್ಷರ ಮುಂದೆ ಆಡಿಬಿಟ್ಟಿದ್ದರು. ಉಣ್ಣೆ ಸಂಘದ ಮ್ಯಾನೇಜರಾದರೂ ಅವರಿಗೆ ಉಣ್ಣೆ ಸೋಕಿದರೆ ಸೀನು. ಮುಖ್ಯ ಕಚೇರಿಯಲ್ಲಿ ಉಣ್ಣೆಯಿಲ್ಲ. ಗೋಡೌನಿನಲ್ಲಿ ಉಣ್ಣೆ ಬಿಟ್ಟು ಬೇರೇನೂ ಇಲ್ಲ.

“ಮಿಯಾ, ನನ್ನ ಮೂಗು ನಿನ್ನ ಕೈಯಾಗೈತೆ” ಅಂದರು.

೧. ಹೊಳಲ್ಕೆರೆ: ಕಾಣದ ಅಕ್ಷರ

ಪಾಸ್‌ವರ್ಡ್ ಒತ್ತುವಾಗ ಪರದೆಯ ಮೇಲೆ ಏನೂ ಮೂಡದ ಹಾಗೆ ಸ್ಕ್ರಿಪ್ಟು ಬರೆದಿದ್ದೆ. ಹಿಂದೆ ನಿಂತವರು ನೋಡಬಾರದಲ್ಲ. ಹೊಳಲ್ಕೆರೆ ಶಾಖೆಯಲ್ಲಿ ತೂಕ ಏರಿಸುವ ಅಕ್ಕ ನಾಲ್ಕು ಅಕ್ಷರ ಕುಟ್ಟಿ, ಖಾಲಿ ಪರದೆ ನೋಡಿ ಎದೆಯ ಮೇಲೆ ಕೈಯಿಟ್ಟುಕೊಂಡರು.

“ಅಯ್ಯೋ, ಕೀಬೋರ್ಡ್ ಸತ್ತೋಗೈತೆ. ಬೆಳಿಗ್ಗೆ ಚೆನ್ನಾಗಿತ್ತು ಕಣಪ್ಪ.”

ಬೋರಲು ಹಾಕಿ ತಟ್ಟಿದರು. ಅರ್ಧ ಬಿಸ್ಕತ್ತಿನಷ್ಟು ಪುಡಿ ಉದುರಿತು. “ಸತ್ತಿಲ್ಲ ಅಕ್ಕ, ಗುಟ್ಟಾಗಿರ್ಲಿ ಅಂತ ತೋರಿಸ್ತಿಲ್ಲ. ಎಷ್ಟು ಅಕ್ಷರ ಆಯ್ತು ಅಂತ ನೀವೇ ಲೆಕ್ಕ ಇಟ್ಕಳ್ರಿ” ಅಂದೆ.

ಅವರು ಲೆಕ್ಕ ತಪ್ಪದಿರಲಿ ಅಂತ ಒಂದೊಂದೇ ಅಕ್ಷರವನ್ನು ಗಟ್ಟಿಯಾಗಿ ಹೇಳಿಕೊಂಡು ಒತ್ತತೊಡಗಿದರು. ಮಧ್ಯೆ ಫೋನ್ ಬಂತು. ಮಾತು ಮುಗಿಸಿ ಕುಂತಾಗ ಎಲ್ಲಿಗೆ ನಿಂತಿತ್ತೋ ಮರೆತಿದ್ದರು.

ಉಣ್ಣೆ ಮೂಟೆ ಹೊತ್ತು ಸಾಲಿನಲ್ಲಿ ನಿಂತಿದ್ದ ಅಜ್ಜ ಹಿಂದಿನಿಂದ ಹೇಳಿದ: “ಇನ್ನ ಎರಡೈತೆ ತಾಯಿ. ಸೊನ್ನೆ, ಆಮೇಲೆ ಏಳು.”

೨. ಹೊಸದುರ್ಗ: ತಡವಾದರೆ ಊಹೂಂ

ಬಾಗಿಲು ಕಾಯುವವನಿಗೆ ಒಂದು ಸ್ವಭಾವವಿದೆ. ಪಾಸ್‌ವರ್ಡ್ ಸರಿಯಿದ್ದರೆ ತಕ್ಷಣ ಹೂಂ ಅನ್ನುತ್ತಾನೆ. ತಪ್ಪಿದ್ದರೆ ಬೇಕಂತಲೇ ತುಸು ಸುಮ್ಮನಿದ್ದು ಊಹೂಂ ಅನ್ನುತ್ತಾನೆ. ಕಳ್ಳರು ಒಂದಾದ ಮೇಲೊಂದು ಊಹೆ ಮಾಡಿ ನುಗ್ಗದಿರಲಿ ಅಂತ.

ಹೊಸದುರ್ಗದ ಗುಮಾಸ್ತ ಇದನ್ನು ಮೊದಲ ದಿನವೇ ಪತ್ತೆ ಮಾಡಿದ. ಅವನು ಹೆಣ್ಣು ನೋಡಲು ಓಡಾಡುತ್ತಿದ್ದ ಕಾಲ. “ಹೆಣ್ಣಿನ ಮನೆಯೋರ ಥರಾನೇ ಇದು ಗುರುಗಳೇ. ಹೇಳಿಕಳಿಸ್ತೀವಿ ಅಂದ್ರೆ ಮುಗೀತು, ಇಲ್ಲ ಅಂತಾನೇ” ಅಂದ. ಆಮೇಲೆ ಕಂಪ್ಯೂಟರ್ ಸ್ವಲ್ಪ ತಡೆದರೂ ಸಾಕು, ಉತ್ತರ ಓದದೆ ಎದ್ದು ಹೋಗುತ್ತಿದ್ದ.

ನನ್ನ ಕೈ ಸುಮ್ಮನಿರುತ್ತದೆಯೇ. ಅವನೊಬ್ಬನಿಗೆ ಮಾತ್ರ, ಸರಿಯಿದ್ದರೂ ತಡಮಾಡಿ ಹೂಂ ಅನ್ನುವ ಹಾಗೆ ಸ್ಕ್ರಿಪ್ಟು ತಿದ್ದಿದೆ. ಮರುದಿನ ಅವನು ಪಾಸ್‌ವರ್ಡ್ ಒತ್ತಿದ, ಕಾದ, ಎದ್ದ, ಬಾಗಿಲವರೆಗೂ ಹೋದ. ತಿರುಗಿ ನೋಡಿದರೆ ಪರದೆಯ ಮೇಲೆ ಒಪ್ಪಿಗೆ. ಬಾಯಿ ತೆರೆದುಕೊಂಡು ನಿಂತೇಬಿಟ್ಟ.

“ತಡ ಮಾಡಿ ಹೂಂ ಅನ್ನೋರೂ ಇರ್ತಾರಾ?” ಅಂದವನೇ ಫೋನ್ ತೆಗೆದು ಮದುವೆ ದಲ್ಲಾಳಿಗೆ ಹಚ್ಚಿದ: “ಅಣ್ಣಾ, ಹೇಳಿಕಳಿಸ್ತೀವಿ ಅಂದಿದ್ರಲ್ಲ, ಆ ಹಿರೇಗುಂಟನೂರು ಮನೆಯೋರನ್ನ ಇನ್ನೊಂದ್ಸಲ ಕೇಳು.”

ಮದುವೆಯಾಯಿತು ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಗಲಿಲ್ಲ ಅಂತ ಅವನು ಹೇಳುತ್ತಾನೆ.

೩. ಹಿರಿಯೂರು: ವಂಶಾವಳಿ

ತಪ್ಪು ಪಾಸ್‌ವರ್ಡಿಗೆ ಕಂಪ್ಯೂಟರ್ ಇಂಗ್ಲಿಷಿನಲ್ಲಿ ಒಣ ಉತ್ತರ ಕೊಡುತ್ತದೆ. ನಮ್ಮ ಜನಕ್ಕೆ ನಮ್ಮ ಮಾತಿನಲ್ಲೇ ಇರಲಿ ಅಂತ ತಪ್ಪಿದ್ದರೆ “ಯಾರಪ್ಪ ನೀನು? ಯಾರ ಕಡೆಯೋನು?” ಎಂದೂ, ಸರಿಯಿದ್ದರೆ “ಬರ್ರಿ ಸ್ವಾಮಿ, ಕುಂತ್ಕಳ್ರಿ” ಎಂದೂ ಬರೆದಿಟ್ಟೆ.

ಹಿರಿಯೂರಿನಲ್ಲಿ ಸಂಘ ಹುಟ್ಟಿದಾಗಿನಿಂದ ಕೂತಿರುವ ಹಿರಿಯರೊಬ್ಬರಿದ್ದಾರೆ. ಅವರು ಒಂದಕ್ಷರ ತಪ್ಪಿದರು. ಪ್ರಶ್ನೆ ಬಂತು. ಕನ್ನಡಕ ಒರೆಸಿ ಮತ್ತೆ ಓದಿದರು. ಮುಖ ಕೆಂಪಾಯಿತು. ಆದರೂ ಕೇಳಿದ್ದಕ್ಕೆ ಉತ್ತರ ಕೊಡುವುದು ಮರ್ಯಾದೆ ಅಂತ, ಪಾಸ್‌ವರ್ಡಿನ ಜಾಗದಲ್ಲಿ ತಂದೆಯ ಹೆಸರು ಒತ್ತಿದರು. ಯಾರಪ್ಪ ನೀನು? ತಾತನ ಹೆಸರು ಒತ್ತಿದರು. ಮೂರು ಸಲ ತಪ್ಪಿತಲ್ಲ, ಬಾಗಿಲು ಕಾಯುವವನು ಅವರ ಹೆಸರಿಗೇ ಬೀಗ ಜಡಿದ.

ನನಗೆ ಫೋನ್ ಮಾಡಿದರು. “ಏನಪ್ಪ, ನಮ್ಮ ತಾತ ಗೊತ್ತಿಲ್ಲದೋರು ಹಿರಿಯೂರಾಗೆ ಇರಾಕೆ ಬಂದದ್ದು ಯಾವಾಗ?”

೪. ಚಿತ್ರದುರ್ಗ: ನಮ್ಮವನು ಒಬ್ಬನೇ

ಮೂರೂ ಶಾಖೆಯಲ್ಲಿ ನಡೆಯಿತು ಅಂತ ಶಾಖೆಯವರನ್ನೂ ಕರೆಸಿ ಮುಖ್ಯ ಕಚೇರಿಯಲ್ಲಿ ಎಲ್ಲರೆದುರು ತೋರಿಸುವ ದಿನ ಬಂತು. ಬೆಳಿಗ್ಗೆಯೇ ನನ್ನ ಪಾಸ್‌ವರ್ಡ್ ಹಾಕಿ ನೋಡಿದ್ದೆ. ಬರ್ರಿ ಸ್ವಾಮಿ ಅಂದಿತ್ತು. ನೆಮ್ಮದಿಯಾಗಿ ಟೀಗೆ ಹೋಗಿದ್ದೆ.

ಅಧ್ಯಕ್ಷರು ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದು ಕುಂತರು. ಪಕ್ಕದಲ್ಲಿ ಸಾಹೇಬರು ಸೀನಲು ಶುರು ಮಾಡಿದರು. ಸೀನುತ್ತಲೇ ಪಾಸ್‌ವರ್ಡ್ ಒತ್ತಿದರು.

ಯಾರಪ್ಪ ನೀನು? ಯಾರ ಕಡೆಯೋನು?

“ಸೀನಿನಾಗೆ ಒಂದಕ್ಷರ ಜಾಸ್ತಿ ಬಿದ್ದಿರ್ಬೇಕು” ಅಂದೆ. ಲೆಕ್ಕದ ಮೇಡಂ ಒತ್ತಿದರು, ಅವರಿಗೆ ಸೀನಿರಲಿಲ್ಲ. ಯಾರಪ್ಪ ನೀನು? ಕೊನೆಗೆ ಅಧ್ಯಕ್ಷರೇ ಒಂದು ಬೆರಳಿನಲ್ಲಿ ನಿಧಾನವಾಗಿ ಒತ್ತಿದರು. ಕಂಪ್ಯೂಟರ್ ತುಸು ಸುಮ್ಮನಿತ್ತು. ಹೊಸದುರ್ಗದ ಗುಮಾಸ್ತ ಹಿಂದಿನಿಂದ “ತಡವಾಯ್ತು, ಮುಗೀತು” ಅಂದ.

ಯಾರಪ್ಪ ನೀನು? ಯಾರ ಕಡೆಯೋನು?

ಸಾಹೇಬರ ಸೀನೇ ನಿಂತುಹೋಯಿತು. ನಾನು ನನ್ನ ಪಾಸ್‌ವರ್ಡ್ ಒತ್ತಿದೆ.

ಬರ್ರಿ ಸ್ವಾಮಿ, ಕುಂತ್ಕಳ್ರಿ.

“ಅಂದ್ರೆ,” ಅಂದರು ಅಧ್ಯಕ್ಷರು, “ನಾನು ಕಟ್ಟಿದ ಸಂಘದಾಗೆ ಗುರುತಿರೋನು ನೀನೊಬ್ಬನೇ?”

ಆಗ ಹೊಳೆಯಿತು. ಶಾಖೆಗಳಲ್ಲಿ ಸ್ಕ್ರಿಪ್ಟನ್ನು ಯಂತ್ರದ ಯಜಮಾನನ, ಅಂದರೆ ಅಡ್ಮಿನ್ ಖಾತೆಯ, ಹೆಸರಲ್ಲಿ ಓಡಿಸಿದ್ದೆ. ಇಲ್ಲಿ ಅವಸರದಲ್ಲಿ ನನ್ನ ಹೆಸರಲ್ಲೇ ಓಡಿಸಿದ್ದೆ. ಯಜಮಾನ ಯಾರ ವಿಚಾರ ಕೇಳಿದರೂ ಬಾಗಿಲು ಕಾಯುವವನು ಹೇಳುತ್ತಾನೆ. ನನ್ನಂಥವನು ಕೇಳಿದರೆ, ನನ್ನ ವಿಚಾರ ಮಾತ್ರ.

ತಡವರಿಸುತ್ತಾ ಹೇಳಿದೆ. ಅಧ್ಯಕ್ಷರು ಗಲ್ಲ ಕೆರೆದುಕೊಂಡರು. “ಸರಿ ಐತೆ ಬಿಡು. ಕಂಡೋರಿಗೆಲ್ಲ ನನ್ನ ಗುಟ್ಟು ಹೇಳಿದ್ರೆ ಅವನೆಂಥಾ ಕಾವಲಿನವನು?” ಯಜಮಾನನ ಹೆಸರಲ್ಲಿ ಮತ್ತೆ ಓಡಿಸಿ, ಅಧ್ಯಕ್ಷರಿಂದ ಪಾಸ್‌ವರ್ಡ್ ಒತ್ತಿಸಿದೆ. ಬರ್ರಿ ಸ್ವಾಮಿ ಅಂತು. ಅಧ್ಯಕ್ಷರು ಕುಂತಲ್ಲೇ ಇನ್ನೊಮ್ಮೆ ಸರಿಯಾಗಿ ಕುಂತರು.

“ಸಾಹೇಬ್ರೇ, ನೀವು ಇಲ್ಲೇ ಇರ್ರಿ” ಅಂದರು. ಸಾಹೇಬರು ಮೂಗು ಒರೆಸಿಕೊಂಡು ನನ್ನ ಬೆನ್ನು ತಟ್ಟಿದರು. ನಾನು ಜಾಗ ಖಾಲಿ ಮಾಡುವವನಿದ್ದೆ.

“ನಿಲ್ಲಲೇ” ಅಂದರು ಅಧ್ಯಕ್ಷರು. “ಆ ಯಾರ ಕಡೆಯೋನು ಅಂತ ಬರೆದೋರು ಯಾರು?”

“ಕಂಪ್ಯೂಟರ್ ಕಂಪನಿಯೋರು” ಅಂದೆ.

“ಕಂಪನಿಯೋರು ದುರ್ಗದ ಮಾತು ಯಾವಾಗ ಕಲಿತ್ರು? ಸಾಹೇಬ್ರೇ, ಚಿಕ್ಕಜಾಜೂರು ಗೋಡೌನಿಗೆ ಒಬ್ಬರು ಬೇಕಿತ್ತಲ್ಲ?”

ಹೀಗೆ ಇಲ್ಲಿಗೆ, ಚಿಕ್ಕಜಾಜೂರಿಗೆ, ಬಂದೆ. ಬಂದ ಮೊದಲ ದಿನ, ಮುಖ್ಯ ಕಚೇರಿಯವರೇ ನನ್ನ ಸ್ಕ್ರಿಪ್ಟು ನಕಲು ಮಾಡಿ ಕಳಿಸಿದ್ದ ಗೋಡೌನಿನ ಹೊಸ ಕಂಪ್ಯೂಟರ್ ಮುಂದೆ ಕುಂತು ಪಾಸ್‌ವರ್ಡ್ ಒತ್ತಿದೆ. ತುಸು ಸುಮ್ಮನಿತ್ತು. ನನ್ನ ಹೆಸರನ್ನು ಅದರಲ್ಲಿ ಯಾರೂ ಸೇರಿಸಿರಲಿಲ್ಲ. ನಾನೇ ಬರೆದ ಪ್ರಶ್ನೆಯನ್ನು ನನಗೇ ಕೇಳಿತು.

ಈಗ ನೋಡ್ರಿ, ರೈಲ್ವೆ ಸ್ಟೇಷನ್ ಮುಂದಿನ ಈ ಟೀ ಅಂಗಡಿಯವನೂ ನನ್ನ ಲೋಟ ಎತ್ತುತ್ತಾ ಅದನ್ನೇ ಕೇಳುತ್ತಿದ್ದಾನೆ, ಇವರು ಯಾರ ಕಡೆಯೋರು ಅಂತ. ನಿಮ್ಮ ಕಡೆಯೋನು ಅಂದಿದ್ದೀನಿ. ನನ್ನ ಟೀ ದುಡ್ಡೂ ಸೇರಿಸಿ ಕೊಟ್ಟುಬಿಡ್ರಿ.