ಪೆಡಲಿನ ಮೇಲೆ ಯಾರ ಕಾಲು

ಗ್ಯಾರೇಜಿನ ಸೂರಜ ಹೇಳಿದ್ದು ಇಷ್ಟೇ. "ಕಾಕಾ, ಬ್ರೇಕಿನ ಪೈಪಿನ್ಯಾಗ ಗಾಳಿ ಸೇರ್ಯದ, ಅದಕ್ಕ ಪೆಡಲ್ ಮೆತ್ತಗಾಗ್ಯದ. ಗಾಡಿ ಬಿಟ್ಟು ಹೋಗ್ರಿ, ಗಾಳಿ ತಗದು ಕೊಡ್ತೀನಿ."

ಅಷ್ಟಕ್ಕೇ ಕಾಂತೇಶನ ತಲೆಯಲ್ಲಿ ಸಂಶಯದ ಹುಳ ಎದ್ದು ಕೂತಿತು. ಅವನು ಕಾರು ತಿರುಗಿಸಿಕೊಂಡು ಸೀದಾ ಮನೆಗೆ ಬಂದ.

ಅವನದೇನೂ ತಪ್ಪಿಲ್ಲ ಬಿಡಿ. ಕಾಂತೇಶ ಎಸ್.ಟಿ. ಬಸ್ಸಿನ ಚೆಕರ್. ಸೋಲಾಪುರ–ಅಕ್ಕಲಕೋಟ ದಾರಿಯಲ್ಲಿ ವರ್ಷಗಟ್ಟಲೆ ಬಸ್ಸು ಹತ್ತಿಳಿದು, ಮಲಗಿದವರನ್ನು ಎಬ್ಬಿಸಿ ಟಿಕೀಟು ಕೇಳಿದ ಮನುಷ್ಯ. ಬಸ್ಸಿನಲ್ಲಿ ಕಣ್ಣು ಮುಚ್ಚಿದವನು ನಿದ್ದೆ ಮಾಡುತ್ತಿಲ್ಲ, ನಾಟಕ ಮಾಡುತ್ತಿದ್ದಾನೆ ಎಂಬುದು ಅವನ ಖಾತ್ರಿ. ಮನೆಗೆ ಬಂದರೂ ಆ ಗುಣ ಅಂಗಿಯ ಜೊತೆ ಕಳಚುತ್ತಿರಲಿಲ್ಲ. ಹಾಲಿಗೆ ಬೆರಳದ್ದಿ ನೋಡುತ್ತಿದ್ದ, ದೇವರ ಮುಂದೆ ಒಡೆದ ಕಾಯಿಯನ್ನೂ ಮೂಸಿ ನೋಡುತ್ತಿದ್ದ.

"ಪೈಪು ಬಂದ್, ಎಣ್ಣಿ ಡಬ್ಬಿ ಬಂದ್. ಗಾಳಿ ಎಲ್ಲಿಂದ ಬಂತು? ಟಿಕೀಟ್ ತಗೊಂಡು ಒಳಗ ಹತ್ತತೇನು?" ಎಂದು ಹೆಂಡತಿ ನಂದಾಳ ಮುಂದೆ ಕೂಗಾಡಿದ. "ಲಬಾಡ, ಸುಳ್ಳಬುರಕ ಅದಾನ ಆ ಸೂರಜ. ಗಾಡಿ ಒಳಗ ಬಿಟ್ಟರ ಹೊಸ ಸಾಮಾನ ತಗದು ಹಳೇದು ಹಾಕ್ತಾನ. ನಾನೇ ಮಾಡ್ತೀನಿ. ಮೊಬೈಲಿನ್ಯಾಗ ಎಲ್ಲಾ ತೋರಸ್ತಾರ."

ನಂದಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ರೀ, ಇವತ್ತ ನಾಕಕ್ಕ ದುಧನಿಗಿ ಹೋಗೂದದ, ನೆನಪದ ಇಲ್ಲ? ಈಗ ಗ್ರೂಪಿನ್ಯಾಗ ಬರ್ತೀವಂತ ಮೆಸೇಜ್ ಹಾಕೀನಿ. ಆ ಗಾಡಿಗಿ ಏನರೆ ಆತಂದ್ರ ಸ್ನೇಹಲಳ ಲಗ್ನದ ಸೋಯರಿಕಿ ಕತಿ ಏನು?"

ಮಾತು ಖರೆ. ಸೋಲಾಪುರದ ಕಾಲೇಜಿನಲ್ಲಿ ಪಾಠ ಹೇಳುವ ಮಗಳು ಸ್ನೇಹಲಳನ್ನು ದುಧನಿಯ ಬಸಯ್ಯನವರ ಮಗ ಶೈಲೇಶ ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ಇನ್ನು ಹೆಣ್ಣಿನ ಕಡೆಯವರು ಹೋಗಿ ಗಂಡಿನ ಮನೆ ನೋಡಿ, ಹ್ಞೂಂ ಅಂದುಬಿಟ್ಟರೆ ಮುಗಿಯಿತು. ಎರಡು ಕಡೆಯವರೂ ಸೇರಿ 'ಶುಭಮಂಗಲ' ಎಂದು ಮೊಬೈಲಿನಲ್ಲಿ ಒಂದು ಗ್ರೂಪು ಕೂಡ ಮಾಡಿಕೊಂಡಿದ್ದರು. ಅದರಲ್ಲಿ ಹೆಸರಿಲ್ಲದ ಬರೀ ನಂಬರಿನವರೂ ಕೆಲವರಿದ್ದರು. ಅದೂ ಕಾಂತೇಶನಿಗೆ ಸಂಶಯವೇ.

"ನಾಕರೊಳಗ ಮುಗಸ್ತೀನಿ. ನೀ ಬಂದು ಪೆಡಲ್ ಒತ್ತು," ಎಂದ.

ಕೆಲಸ ಕೇಳಲು ಸಸಾರ. ಒಬ್ಬರು ಒಳಗೆ ಕೂತು ಬ್ರೇಕ್ ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಗಾಲಿಯ ಹತ್ತಿರ ಕೂತು ಎಣ್ಣೆ ಹೊರಬಿಡುವ ಸಣ್ಣ ನಿಪ್ಪಲ್ಲನ್ನು ಪಾನಾದಿಂದ, ಅಂದರೆ ಸ್ಪ್ಯಾನರಿನಿಂದ, ಸಡಿಲಿಸಬೇಕು. ಗುಳ್ಳೆ ಗುಳ್ಳೆಯಾಗಿ ಗಾಳಿ, ಜೊತೆಗೆ ಹಳೆಯ ಎಣ್ಣೆ, ಪೈಪಿನಿಂದ ಕೆಳಗಿಟ್ಟ ಬಾಟಲಿಗೆ ಇಳಿಯುತ್ತದೆ; ಇಳಿದಷ್ಟೂ ಹೊಸ ಎಣ್ಣೆಯನ್ನು ಬಾನೆಟ್ಟಿನ ಕೆಳಗಿನ ಡಬ್ಬಿಗೆ ಸುರಿಯುತ್ತಿರಬೇಕು. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲಿನಿಂದ ಕಾಲು ತೆಗೆಯಬೇಕು. ಮೊದಲೇ ತೆಗೆದರೆ ಹೊರಗಿನ ಗಾಳಿ ಸುರ್ರಂತ ಒಳಗೆ. ಅಂದರೆ ಗಾಲಿಯ ಹತ್ತಿರ ಕೂತವನು ಒಳಗಿನ ಕಾಲನ್ನು ನಂಬಬೇಕು. ಕಾಂತೇಶನಿಗೆ ಬಾರದ ಕೆಲಸ ಅದೊಂದೇ.

ನಂದಾ ನಾಲ್ಕು ಸಲ ಒತ್ತಿದಳು. ಹಂಚಿನ ಮೇಲಿನ ರೊಟ್ಟಿ ಕರಕಲಾದ ವಾಸನೆ ಬಂತು. "ಅಯ್ಯ ನನ ರೊಟ್ಟಿ!" ಎಂದು ಇಳಿದು ಓಡಿದಳು. ಸುರ್ರ್.

"ನೋಡಿದ್ಯಾ, ಬೇಕಂತಲೇ ಬಿಟ್ಟಿ!"

"ಹೌದ್ರಿ, ನಿಮ್ಮ ಗಾಡ್ಯಾಗ ಗಾಳಿ ತುಂಬಾಕಂತಲೇ ನಮ್ಮಪ್ಪ ನನ್ನ ಕೊಟ್ಟಾನ," ಎಂದು ಒಳಗಿನಿಂದ ಉತ್ತರ ಬಂತು.

ಗಲಾಟೆ ಕೇಳಿ ಪಕ್ಕದ ಮನೆಯ ಅಣ್ಣಾರಾಯ ಮಾಸ್ತರು ಗೋಡೆಯ ಮೇಲಿಂದ ತಲೆ ಹಾಕಿದರು. ಸಾಲಿಯಲ್ಲಿ ಡ್ರಿಲ್ ಕಲಿಸಿ ನಿವೃತ್ತರಾದವರು. ಓಣಿಯಲ್ಲಿ ಯಾರ ಮನೆಯ ಕುಕ್ಕರ್ ಕೂಗಿದರೂ ಏನು ಬೇಯುತ್ತಿದೆ ಎಂದು ಕೇಳುವವರು.

"ಕಾಲಿನ ಕೆಲಸ ಅಂದ್ರ ನನಗ ಹೇಳೂದಲ್ಲೇನೋ ಕಾಂತೇಶ! ಬಾ, ಅಟೆನ್ಶನ್‌ನ್ಯಾಗ ನಿಂತಂಗ ಒತ್ತಿ ಹಿಡೀತೀನಿ."

ಕರೆಯದೆ ಬಂದವನ ಮೇಲೆ ಕಾಂತೇಶನಿಗೆ ಎರಡು ಪಟ್ಟು ಸಂಶಯ. ಈ ಮಾಸ್ತರು ದಿನಾ ಸಂಜೆ ಸೂರಜನ ಗ್ಯಾರೇಜಿನ ಕಟ್ಟೆಯ ಮೇಲೆ ಚಹಾ ಕುಡಿಯುವವರು ಬೇರೆ. ಆದರೆ ಓಣಿಯಲ್ಲಿ ಪುಕ್ಕಟೆ ಕಾಲು ಮತ್ತೊಂದು ಸಿಗಲಿಲ್ಲ. ಕೂಡಿಸಿದ. ಹೊಸ ಎಣ್ಣೆಯ ಡಬ್ಬಿಯನ್ನು ಮಾತ್ರ ಮಾಸ್ತರು ಬದಲಿಸಿಯಾರೆಂದು ದೇವರ ಕೋಣೆಯಲ್ಲಿಟ್ಟು ಬಾಗಿಲು ಹಾಕಿ ಬಂದ.

"ಒತ್ರಿ ಮಾಸ್ತರ."

"ಒತ್ತೀನಿ!"

ನಿಪ್ಪಲ್ ಸಡಿಲಿಸಿದ. ಗುಳ್ಳೆ ಬಂತು. ಇನ್ನೊಂದು ಬಂತು. ಇಷ್ಟು ಗುಳ್ಳೆ ಹೇಗೆ? ಮಾಸ್ತರು ಕಾಲು ಮೇಲೆ ಕೆಳಗೆ ಆಡಿಸುತ್ತಿರಬೇಕು. ಕಾಂತೇಶ ನಿಪ್ಪಲ್ಲನ್ನು ಹಾಗೇ ಬಿಟ್ಟು, ಬೆಕ್ಕಿನಂತೆ ಬಗ್ಗಿ ಗಾಡಿ ಸುತ್ತಿ ಬಂದು, ಕಿಟಕಿಯಲ್ಲಿ ಒಮ್ಮೆಲೇ ಮುಖ ತೂರಿಸಿದ.

"ಸಿಕ್ರಿ!"

ಪಾಪ, ಗೂಟ ಹೊಡೆದಂತೆ ಕೂತಿದ್ದ ಮಾಸ್ತರು ಬೆಚ್ಚಿಬಿದ್ದು ಎರಡೂ ಕಾಲು ಎತ್ತಿದರು. ಸುರ್ರ್.

ಹೀಗೆ ಮೂರು ಸಲ ಆಯಿತು. ಪೆಡಲ್ ಮೆತ್ತಗಿದ್ದದ್ದು ಈಗ ಕೆಳಗೆ ಹೋಗಿ ನೆಲ ಮುಟ್ಟುತ್ತಿತ್ತು.

ಆಗ ಕಾಂತೇಶನಿಗೆ ಭಾರೀ ಉಪಾಯ ಹೊಳೆಯಿತು. ನಂದಾಳ ಫೋನನ್ನು ತಂದು ಪೆಡಲಿಗೆ ಎದುರಾಗಿ ಒರಗಿಸಿದ. ತಾನು ಗಾಲಿಯ ಹತ್ತಿರ ಕೂತು ತನ್ನ ಫೋನಿನಿಂದ ಅದಕ್ಕೆ ವಿಡಿಯೋ ಕಾಲ್ ಮಾಡಬೇಕು, ಕೂತಲ್ಲೇ ಮಾಸ್ತರ ಕಾಲು ಕಾಣುತ್ತದೆ! ಎಣ್ಣೆ ಸಿಡಿದೀತೆಂದು ಚಷ್ಮಾ ಬಿಚ್ಚಿಟ್ಟಿದ್ದ. ಕಣ್ಣು ಕಿರಿದು ಮಾಡಿ ನೋಡಿದರೆ ಎಲ್ಲಕ್ಕಿಂತ ಮೇಲೆಯೇ 'ನಂದಾ' ಎಂದು ಕಂಡಿತು. ಒತ್ತಿದ. ಒಳಗೆ ಫೋನು ರಿಂಗಾಯಿತು. ಮಾಸ್ತರು ಹಸಿರು ಗುಂಡಿ ಒತ್ತಿದರು.

ಎರಡೂ ಫೋನು ಕೀಂ ಎಂದು ಕಿವಿ ಹರಿಯುವಂತೆ ಕೂಗಿದವು. ಆ ಕೂಗಿನ ನಡುವೆ ಯಾರೋ "ಹಲೋ, ಹಲೋ" ಅಂದಂತಾಯಿತು.

"ಮಾಸ್ತರ! ಯಾರ ಜೋಡಿ ಮಾತಾಡಾಕತ್ತೀರಿ? ಸೂರಜನೇನು?"

"ನಾ ಉಸರೂ ಬಿಟ್ಟಿಲ್ಲಪಾ!"

ಕಾಂತೇಶ ಎರಡೂ ಫೋನಿನ ದನಿ ಪೂರ್ತಿ ಇಳಿಸಿದ. ಈಗ ಶಾಂತ. ಪರದೆಯ ಮೇಲೆ ಏನೋ ಚೌಕ ಚೌಕ ಕಂಡಿತು. ಒಂದು ಚೌಕದಲ್ಲಿ ಮಾಸ್ತರ ಕಾಲು ಅಲುಗಾಡದೆ ಕೂತಿತ್ತು, ಅವನಿಗೆ ಅಷ್ಟು ಸಾಕು. ಉಳಿದದ್ದು ಫೋನು ತಯಾರಿಸಿದವರ ಲಬಾಡಿತನ ಅಂದುಕೊಂಡ.

ಕಾಲು ಕಣ್ಣಿಗೆ ಬಿದ್ದ ಮೇಲೆ ಅವನಿಗೆ ಖುಷಿಯಾಯಿತು. ಖುಷಿಯಾದರೆ ಅವನ ಬಾಯಿಗೆ ಬ್ರೇಕೇ ಇಲ್ಲ.

"ಬಿಡಬ್ಯಾಡ್ರಿ... ಹಿಡೀರಿ... ಮಾಸ್ತರ, ಆ ಸೂರಜ ಪಕ್ಕಾ ಕಳ್ಳ ಅದಾನ, ಬರದಿಟ್ಗೋರಿ. ಅವನ ಮಾರಿನೇ ಹೇಳ್ತದ."

"ಮತ್ತ ದುಧನಿ ಬೀಗರು ಹೆಂಗದಾರ?" ಮಾಸ್ತರಿಗೆ ಬೇಕಾದದ್ದು ಅದೇ ಸುದ್ದಿ.

"ಅಲ್ಲೇ ನನಗ ಸಂಶಯ. ಹುಡುಗ ಬಾಯಿ ತಗದು ನಗಂಗಿಲ್ಲ. ಹಲ್ಲ ಅದಾವೋ ಇಲ್ಲೋ! ಬೀಗತಿ ಗುರಮ್ಮನ ಕೊರಳಾನ ಸರ ಭಾಳ ಹೊಳೀತದ. ಖರೇ ಬಂಗಾರ ಅಷ್ಟು ಹೊಳೀತದೇನ್ರಿ? ಇವತ್ತ ಮನಿ ನೋಡೂ ನೆವದಾಗ ಮೊದಲ ಲೈಟಿನ ಮೀಟರ್ ಯಾರ ಹೆಸರಿಲೆ ಅದ ಅಂತ ನೋಡ್ತೀನಿ. ಮನಿ ಬಾಡಗಿದು ಇದ್ರೂ ಇರಬಹುದು."

ನಡುವೆ ಅವನ ಫೋನಿಗೆ ಸ್ನೇಹಲಳ ಕಾಲ್ ಬಂತು. ಕಟ್ ಮಾಡಿದ. ಮತ್ತೆ ಬಂತು. "ಸೂರಜ ಇವಳ ಕಿವೀನೂ ಊದ್ಯಾನ," ಎಂದು ಮತ್ತೆ ಕಟ್ ಮಾಡಿದ. ಮಾತಿನ ಭರದಲ್ಲಿ, ಮುಂದೆ ಬಾನೆಟ್ಟಿನ ಕೆಳಗಿನ ಡಬ್ಬಿಯಲ್ಲಿ ಎಣ್ಣೆ ತಳ ಕಂಡದ್ದು ಗೊತ್ತಾಗಲಿಲ್ಲ. ಹೊಸ ಎಣ್ಣೆ ದೇವರ ಕೋಣೆಯಲ್ಲಿ ತಣ್ಣಗೆ ಕೂತಿತ್ತು. ಈಗ ನಿಪ್ಪಲ್ಲಿನಿಂದ ಬರೀ ಗಾಳಿ, ಮುದುಕನ ಕೆಮ್ಮಿನಂತೆ.

ಆಗ ಮಾಸ್ತರ ಕಿಸೆಯ ಫೋನು ರಿಂಗಾಯಿತು. ಕಾಲು ಎತ್ತದೆ ಕಿವಿಗೆ ಹಿಡಿದರು. ಕೇಳುತ್ತಾ ಕೇಳುತ್ತಾ ಅವರ ಮುಖ ಬಿಳಿಚಿತು.

"ಕಾಂತೇಶ, ನಿಮ್ಮ ಸ್ನೇಹಲ ಮಾತಾಡಾಕತ್ತಾಳ. ನೀ ನಂದಾಗಲ್ಲಂತ, ಶುಭಮಂಗಲ ಗ್ರೂಪಿಗಿ ಕಾಲ್ ಹಚ್ಚೀದಿ ಅಂತ. ದುಧನಿ ಮಂದಿ ಎಲ್ಲಾ ಆಗಿಂದ ನಿನ್ನ ಮಾತ ಕೇಳ್ಕೋತ ನನ್ನ ಕಾಲು ನೋಡಾಕತ್ತಾರಂತ."

ಕಾಂತೇಶ ಅಂಗಿಯ ತುದಿಯಿಂದ ಕೈ ಒರೆಸಿಕೊಂಡು ಚಷ್ಮಾ ಹಾಕಿದ. ಮೇಲೆ 'ಶುಭಮಂಗಲ'! ಆಗ ಕಣ್ಣಿಗೆ ಬಿದ್ದ 'ನಂದಾ' ಅದರ ಕೆಳಗೆ, ಗ್ರೂಪಿಗೆ ಕೊನೆಯ ಮೆಸೇಜು ಹಾಕಿದವಳ ಹೆಸರು ಅಷ್ಟೇ. ಚೌಕಗಳೆಲ್ಲ ಈಗ ಮನುಷ್ಯರಾದವು. ಒಂದರಲ್ಲಿ ಬಸಯ್ಯನವರ ಮೀಸೆ. ಒಂದರಲ್ಲಿ ಗುರಮ್ಮನ ಸರ. ಒಂದರಲ್ಲಿ ತಲೆ ಹಿಡಿದು ಕೂತ ಸ್ನೇಹಲ. ಮಗಳ ಬಾಳು ತನ್ನ ಬಾಯಿಯಿಂದಲೇ ಹಾಳಾಯಿತಲ್ಲ! ಕಾಂತೇಶ ತನ್ನ ಫೋನಿನ ದನಿ ಏರಿಸಿದ.

"ಬೀಗರ," ಬಸಯ್ಯ ಗಂಭೀರವಾಗಿ ಅಂದರು, "ಇಲ್ಲಿ ನೋಡ್ರಿ." ಫೋನು ಗೋಡೆಯತ್ತ ತಿರುಗಿತು. "ಮೀಟರ್. ಬಿಲ್ಲಿನ ಮ್ಯಾಲೆ ನನ್ನ ಹೆಸರದ, ಓದಿಕೋರಿ. ಶೈಲ್ಯಾ, ಹಲ್ಲ ತೋರ್ಸೋ."

ಶೈಲೇಶ ನಾಚಿಕೊಂಡು ಬಾಯಿ ತೆರೆದ. ಹಲ್ಲೆಲ್ಲ ಇದ್ದವು, ನೆಟ್ಟಗಾಗಲೆಂದು ಅವಕ್ಕೆ ತಂತಿ ಬಿಗಿದಿದ್ದರು.

"ತಪ್ಪಾತ್ರಿ ಬೀಗರ..." ಕಾಂತೇಶ ಕೈ ಮುಗಿದ.

"ತಪ್ಪೇನು ಬಂತು? ನಮಗ ಭಾಳ ಸಮಾಧಾನ ಆತು. ಖರೇ ಹೇಳ್ಬೇಕಂದ್ರ, ನಿಮ್ಮ ಗಾಡಿ ಬಾಡಗಿದು ಅಂತ ನಮಗೂ ಸಂಶಯ ಇತ್ತು. ಬಾಡಗಿ ಗಾಡಿಗಿ ಯಾರರೆ ಇಷ್ಟ ಎಣ್ಣಿ ಮೈಗಿ ಹಚಗೊಂಡು ಕುಂದರ್ತಾರೇನು? ನೀವು ನಮ್ಮಂಥಾ ಮಂದಿ. ಸೋಯರಿಕಿ ಪಕ್ಕಾ."

ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಹಿಡಿದಿದ್ದ ನಂದಾ "ಯಪ್ಪಾ ದೇವರ" ಎಂದು ಅಲ್ಲೇ ಕುಸಿದು ಕೂತಳು. ಕಾಂತೇಶನಿಗೆ ಹೋದ ಜೀವ ಬಂತು.

"ಒಂದ ಮಾತದ," ಈಗ ಗುರಮ್ಮ ಬಾಯಿ ಬಿಟ್ಟರು. "ಸೂರಜ ನನ್ನ ಸ್ವಂತ ಅಣ್ಣನ ಮಗ. ಅವ್ನೂ ಇಲ್ಲೇ ಗ್ರೂಪಿನ್ಯಾಗ ಅದಾನ, ಎಲ್ಲಾ ಕೇಳ್ಯಾನ. ಗಾಡಿ ಅವನ ಕೈಲೇ ಮಾಡಸ್ಬೇಕು. ಅವನ್ನ ನಂಬಿದ್ರ ನಮ್ಮನ್ನ ನಂಬಿದಂಗ."

ಬರೀ ನಂಬರಿನ ಚೌಕವೊಂದರಲ್ಲಿ ಗ್ಯಾರೇಜಿನ ಗೋಡೆ ಕಂಡಿತು. ಸೂರಜ ಕೈ ಬೀಸಿದ.

ಚಹಾ ಆರುವಷ್ಟರಲ್ಲಿ ಅವನು ಬಂದ. ಕೈಯಲ್ಲಿ ಕಂಡಕ್ಟರನ ಟಿಕೀಟು ಮಶಿನ್ನಿನಂಥದೇ ಒಂದು ಮಶಿನ್ನು. "ಈಗಿನ ಗಾಡಿ ಕಾಕಾ. ಡಬ್ಬಿ ಖಾಲಿ ಆದ್ರ ಗಾಳಿ ಒಳಗಿನ ಪಂಪಿನ್ಯಾಗ ಹೊಕ್ಕು ಕುಂದರ್ತದ, ಈ ಮಶಿನ್ ಹಚ್ಚದ ಹೊರಗ ಬರಂಗಿಲ್ಲ. ಮುಂಜಾನಿ ಸ್ವಲ್ಪ ಇತ್ತು, ಈಗ ಬರೀ ಗಾಳಿನೇ ಅದ."

"ಬೀಗರ ಪೈಕಿ ಅಂತ ಮೊದಲೇ ಹೇಳೂದಲ್ಲೇನು?"

"ಹೇಳಿದ್ರ ಅದರಾಗೂ ಸಂಶಯ ಪಡ್ತಿದ್ರಿ."

ಮಾಸ್ತರು ಕಾಲಿಗೆ ಜೋಮು ಹಿಡಿದಿದೆ ಎಂದು ಕಟ್ಟೆ ಹಿಡಿದಿದ್ದರು. ಕಾಂತೇಶನೇ ಒಳಗೆ ಕೂತು ಪೆಡಲ್ ಒತ್ತಬೇಕಾಯಿತು. ಸೂರಜ ಗಾಲಿಯ ಹತ್ತಿರ ಹೋಗಿ ಕಾಣದಾದ. ಪಾನಾದ ಸಪ್ಪಳ. ಏನೋ ಬಿಚ್ಚಿದ ಸಪ್ಪಳ. ಡಬ್ಬಿಯೊಳಗೆ ಏನೋ ಬಿದ್ದ ಸಪ್ಪಳ. ಏನದು? ಹೊಸದೋ ಹಳೆಯದೋ? ಕಾಂತೇಶನ ಕುತ್ತಿಗೆ ತಾನಾಗಿಯೇ ಕಿಟಕಿಯತ್ತ ಉದ್ದವಾಯಿತು. ಕಾಲು ಪೆಡಲಿನಿಂದ ಕೂದಲೆಳೆಯಷ್ಟು ಎದ್ದಿತು.

"ಬೀಗರ!" ಅವನ ಕಿಸೆಯ ಫೋನಿನಿಂದ ಗುರಮ್ಮನ ದನಿ ಬಂತು. ಕಾಲ್ ಕಟ್ ಆಗಿರಲಿಲ್ಲ, ನಂದಾಳ ಫೋನು ಇನ್ನೂ ಪೆಡಲಿನ ಎದುರಿಗೇ ಒರಗಿ ಕೂತಿತ್ತು. "ಕಾಲು ಎತ್ತಬ್ಯಾಡ್ರಿ. ನಾವು ನೋಡಾಕತ್ತೀವಿ."