ಅಕ್ಕೋರು ಮತ್ತೆ ಕೊಂಡ ಗೇಮು

ಟಿವಿಗೆ ಯಾರು ಏನು ಚುಚ್ಚಿದರೂ ಅದರ ಬಿಸಿ ಕೊನೆಗೆ ನನಗೇ ತಟ್ಟುತ್ತದೆ. ಸಿರಸಿಯಲ್ಲಿ ಮೂವತ್ತೈದು ವರ್ಷ ಟಿವಿ ರಿಪೇರಿ ಮಾಡಿದ್ದಕ್ಕೆ ಸಿಕ್ಕ ಬಹುಮಾನ ಇದೊಂದೇ. ಮೊದಲು ಮಾಡು ಹತ್ತಿ ಆಂಟೆನಾ ತಿರುಗಿಸುತ್ತಿದ್ದೆ, ಆಮೇಲೆ ಡಿಶ್ ಕೂರಿಸಿದೆ. ಈಗ ಜನ ಟಿವಿಗೆ ಏನೇನೋ ಡಬ್ಬಿ ಹಚ್ಚುತ್ತಾರೆ. ಡಬ್ಬಿ ಮಾಡಿದವನಿಗೆ ಫೋನ್ ಮಾಡುವುದು ಬಿಟ್ಟು ನನಗೆ ಮಾಡುತ್ತಾರೆ. ನನಗೆ ಅದರ ತಲೆಬುಡ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಹೀಗಾಗಿ ಹೋಗುತ್ತೇನೆ.

ಸಿದ್ದಾಪುರದ ಅಕ್ಕೋರು ಮತ್ತು ಮಾಸ್ತರ ಮನೆಗೆ ಹೋದದ್ದೂ ಹಾಗೇ. ಇಬ್ಬರೂ ಕನ್ನಡ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಅವರ ಮೊದಲ ಟಿವಿ ಕೂರಿಸಿದವನು ನಾನು. ಮಗಳು ಸಣ್ಣವಳಿದ್ದಾಗ ಕ್ಯಾಸೆಟ್ ಹಾಕಿ ಆಡುವ ವಿಡಿಯೋ ಗೇಮ್ ಜೋಡಿಸಿ ಕೊಟ್ಟವನೂ ನಾನೇ. ಮಗಳಿಗೆಂದು ತಂದ ಅದನ್ನು ಮಗಳಿಗಿಂತ ಹೆಚ್ಚು ಗಂಡ ಹೆಂಡತಿ ಆಡಿದರು.

ಅದರಲ್ಲೊಂದು ಗೇಮು. ಕೈಯಲ್ಲಿ ಪಂಜು ಹಿಡಿದ ಗಿಡ್ಡ ಮನುಷ್ಯನೊಬ್ಬ ಏಳು ಕೋಟೆ ದಾಟಿ ಕೊನೆಗೆ ದೊಡ್ಡ ದೀಪವೊಂದನ್ನು ಹಚ್ಚಬೇಕು. ಇದರ ಮೇಲೆ ಇಬ್ಬರೂ ಪಂಥ ಕಟ್ಟಿದ್ದರು. ಮೊದಲು ದೀಪ ಹಚ್ಚಿದವರು ಜೀವಮಾನ ಪೂರ್ತಿ ಬೆಳಿಗ್ಗೆ ಕೂತು ತೆಳ್ಳೇವು ತಿನ್ನುವುದು, ಸೋತವರು ಎರೆಯುವುದು. ತೆಳ್ಳೇವು ಅಂದರೆ ಕಾಗದದಷ್ಟು ತೆಳು ದೋಸೆ. ಕಾವಲಿಯ ಮುಂದೆ ನಿಂತು ಒಂದೊಂದೇ ಎರೆಯಬೇಕು. ತಿನ್ನುವವರು ಒಂದೇ ಗುಳುಕಿಗೆ ಮುಗಿಸಿ ಮುಂದಿನದಕ್ಕೆ ಬಾಳೆಲೆ ನೋಡುತ್ತ ಕೂರುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಮಾಸ್ತರು ಆರಾಮ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಾಗ ಅಕ್ಕೋರು ಏಳನೇ ಕೋಟೆ ದಾಟಿ ದೀಪ ಹಚ್ಚಿಬಿಟ್ಟರಂತೆ. ಗಂಡನನ್ನು ಎಬ್ಬಿಸುವಷ್ಟರಲ್ಲಿ ಪರದೆ ಮೊದಲ ಪುಟಕ್ಕೆ ಬಂದು ನಿಂತಿತ್ತು. ಮಾಸ್ತರು ಕಣ್ಣುಜ್ಜಿಕೊಂಡು, "ಸಾಕ್ಷಿ ಎಲ್ಲಿದ್ದು?" ಎಂದರು. ಮರುವಾರ ಮಗಳು ಆ ಕ್ಯಾಸೆಟ್ಟನ್ನು ಸೋಪಿನ ನೀರಲ್ಲಿ ತೊಳೆದಳು. ಅಲ್ಲಿಗೆ ಮುಗಿಯಿತು. ಮೂವತ್ತು ವರ್ಷ ಅಕ್ಕೋರೇ ತೆಳ್ಳೇವು ಎರೆದರು.

ಈಗ ಯಲ್ಲಾಪುರದಲ್ಲಿರುವ ಅದೇ ಮಗಳು ತಮ್ಮ ಮನೆಯಲ್ಲಿ ಬಳಸಿದ, ಟಿವಿಗೆ ಹಚ್ಚಿ ಗೇಮು ಆಡುವ ಡಬ್ಬಿಯನ್ನು ತಂದುಕೊಟ್ಟು, "ಆಯಿ, ಆ ಹಳೇ ಗೇಮು ಈಗ ಮತ್ತೆ ಸಿಗ್ತಡ" ಎಂದಳು. ಅಕ್ಕೋರು ಅಂದೇ ಕೊಳ್ಳಲು ಹೇಳಿದರು.

ಕೊಂಡದ್ದು ಬರಲಿಲ್ಲ

ಮೂರನೇ ದಿನ ನನಗೆ ಫೋನು. "ಎಂತ ಭಾಯಿ, ಕೊಂಡು ಮೂರು ದಿನ ಆಯ್ತು, ಇನ್ನೂ ಬಂದಿಲ್ಲ. ನೀವು ಸಿರಸಿ ಬಸ್ ಸ್ಟ್ಯಾಂಡ್ ಹತ್ರ ವಿಚಾರಿಸಿ" ಎಂದರು ಅಕ್ಕೋರು. ನಾನು ಶ್ರದ್ಧೆಯಿಂದ ಮೂರು ಪಾರ್ಸೆಲ್ ಆಫೀಸು ತಿರುಗಿದೆ. ಒಂದರಲ್ಲಿ ಸಿದ್ದಾಪುರದ ವಿಳಾಸದ ಪೊಟ್ಟಣವೊಂದು ಸಿಕ್ಕಿ ಸಂತೋಷವಾಯಿತು. ಬಿಚ್ಚಿಸಿದರೆ ಯಾರದೋ ಮಿಕ್ಸರಿನ ಮುಚ್ಚಳ.

ಬಸ್ಸು ಹತ್ತಿ ಅವರ ಮನೆಗೆ ಹೋಗಿ ಮಗಳಿಗೆ ಫೋನ್ ಹಚ್ಚಿದೆವು. "ಅದು ಬರೋದಲ್ಲ, ಬಂದಾಗಿದೆ. ನಿಮ್ಮ ಹೆಸರಿನ ಖಾತೆಯಲ್ಲಿದೆ. ಡಬ್ಬಿಗೆ ಇಳಿಸ್ಕೋಬೇಕು" ಎಂದಳು ಆಕೆ. ಮಾಸ್ತರು ಡಬ್ಬಿಯನ್ನು ಎತ್ತಿ, ಮಗುಚಿ, ಕಿವಿಯ ಹತ್ತಿರ ಅಲ್ಲಾಡಿಸಿದರು.

"ಕೈಗೆ ಕೊಡುವಂಥದ್ದು ಎಂತದೂ ಇಲ್ವಾ?"

"ಇಲ್ಲ ಅಪ್ಪಯ್ಯ. ಕೊಂಡಿದ್ದು ಆಡುವ ಹಕ್ಕು."

"ಹಕ್ಕು ಇವಳಿಗೆ ಮೊದಲೂ ಇತ್ತು. ಗೆದ್ದಿದ್ದು ಒಂದು ಇರಲಿಲ್ಲ" ಎಂದು ಮಾಸ್ತರು ಫೋನಿಟ್ಟರು.

ಕುಂಕುಮ ಎಲ್ಲಿಗೆ

ಇಳಿಸಿಕೊಳ್ಳಲು ನಾನು ಟಿವಿಯಲ್ಲಿ ಗೇಮು ಮಾರುವ ಅಂಗಡಿಯ ಪುಟ ತೆಗೆದೆ. ಅಲ್ಲಿ ಒಂದೇ ಗೇಮು ಮೂರು ಥರ ಇತ್ತು. ಹಳೆಯದು, ಹಳೆಯದನ್ನೇ ಹೊಸದಾಗಿ ಮಾಡಿದ್ದು, ಹೊಸದನ್ನೇ ಹಳೆಯದರಂತೆ ಕಾಣಿಸಿದ್ದು. ನಮ್ಮದು ಯಾವುದು ಎಂದು ತಿಳಿಯಲಿಕ್ಕೇ ಒಂದು ಲೋಟ ಚಹಾ ಖರ್ಚಾಯಿತು. ಕೊನೆಗೆ ಪಂಜು ಹಿಡಿದ ಗಿಡ್ಡ ಮನುಷ್ಯ ಕಂಡ. ಅಕ್ಕೋರು, "ಇವನೇ! ಇವನೇ!" ಎಂದು ಎದ್ದು ನಿಂತರು.

ಗುಂಡಿ ಒತ್ತಬೇಕೆನ್ನುವಾಗ ನನ್ನ ಕೈ ಹಿಡಿದರು. ಹೊಸ ಸಾಮಾನು ಮನೆಗೆ ಬಂದರೆ ಅರಿಶಿನ ಕುಂಕುಮ ಹಚ್ಚದೆ ಅವರು ಮುಟ್ಟುವವರಲ್ಲ. ಫ್ರಿಜ್ಜಿಗೂ ಹಚ್ಚಿದ್ದರು, ಗ್ರೈಂಡರಿಗೂ ಹಚ್ಚಿದ್ದರು. "ಇದಕ್ಕೆ ಎಲ್ಲಿಗೆ ಹಚ್ಚೋದು ಭಾಯಿ?" ಎಂದು ಬಟ್ಟಲು ಹಿಡಿದು ಕೇಳಿದರು. ನಾನು ಬಹಳ ಯೋಚಿಸಿದೆ. ಡಬ್ಬಿ ಹಳೆಯದು, ಅದು ಮಗಳ ಮನೆಯದು. ರಿಮೋಟೂ ಹಳೆಯದು. ಹೊಸದು ಅಂತ ಇರುವುದು ಪರದೆಯ ಮೇಲೆ ಕಾಣುವ ಗಿಡ್ಡ ಮನುಷ್ಯ ಒಬ್ಬನೇ.

"ಅವನಿಗೇ ಹಚ್ಚಿ" ಎಂದೆ.

ಅಕ್ಕೋರು ಟಿವಿಯ ಮೇಲೆ ಅವನ ಹಣೆ ಹುಡುಕಿ ದೊಡ್ಡ ಬೊಟ್ಟಿಟ್ಟರು. ನಾನು ಗುಂಡಿ ಒತ್ತಿದೆ, ಪುಟ ಬದಲಾಯಿತು. ಅಲ್ಲಿ ಡಬ್ಬಿಯೊಳಗೆ ಮೊದಲೇ ಇದ್ದ ಅಳಿಯನ ಫುಟ್‌ಬಾಲ್ ಗೇಮಿನ ಚಿತ್ರ. ಗಡ್ಡದ ಆಟಗಾರನೊಬ್ಬ ಮಂಗಳಾರತಿಗೆ ಬಂದವನ ಹಾಗೆ ಹಣೆತುಂಬ ಕುಂಕುಮ ಇಟ್ಟುಕೊಂಡು ನಮ್ಮನ್ನೇ ನೋಡುತ್ತಿದ್ದ.

ಅಳಿಯನ ಸಾಮಾನು

ಡಬ್ಬಿಯಲ್ಲಿ ಜಾಗ ಇಲ್ಲ ಎಂದು ಪರದೆ ಹೇಳಿತು. ಅಳಿಯ ಯಲ್ಲಾಪುರದಲ್ಲಿ ಲಾರಿ ಇಟ್ಟುಕೊಂಡವರು. ಡಬ್ಬಿ ಕೊಡುವಾಗ ತಮ್ಮ ಫುಟ್‌ಬಾಲನ್ನು ಅದರೊಳಗೇ ಬಿಟ್ಟಿದ್ದರು. ಇಡೀ ಡಬ್ಬಿಯನ್ನು ಅದೇ ನುಂಗಿತ್ತು.

"ನಮ್ಮದು ಸಣ್ಣ ಗೇಮು ಅಲ್ವಾ? ಒಂದು ಮೂಲೆಯಲ್ಲಿ ಕೂರಿಸಿ" ಎಂದರು ಅಕ್ಕೋರು. ಮೂಲೆಯೂ ಇರಲಿಲ್ಲ. "ಹಾಗಾದರೆ ಫುಟ್‌ಬಾಲ್ ತೆಗೆಯಬೇಕು" ಎಂದೆ. ಗಂಡ ಹೆಂಡತಿ ತಮ್ಮ ಮನೆಮಾತಿಗೆ ಇಳಿದರು.

"ಅಳಿಯಂದು ತೆಗೆಯಲೆ ಆಗ್ತಾ? ಎಂತ ತಿಳ್ಕತ್ರು ಅವು?" ಎಂದರು ಅಕ್ಕೋರು.

"ತೆಗೆಯಡ ಹೇಳಿ ಆನು ಹೇಳ್ತಿಲ್ಲೆ. ಆದ್ರೆ ಕೇಳವು."

ಕೇಳಿದೆವು. ಅಳಿಯ ಲಾರಿಯ ಸದ್ದಿನ ನಡುವೆ, "ತೆಗೀರಿ ಮಾವ, ಏನೂ ಹೋಗೂದಿಲ್ಲ. ಬೇಕಾದಾಗ ಮತ್ತೆ ಇಳಿಸ್ಕೊಳ್ಳೂಕೆ ಬರ್ತದೆ" ಎಂದರು. ಮಾಸ್ತರಿಗೆ ನಂಬಿಕೆ ಬರಲಿಲ್ಲ. ತೆಗೆದ ಮೇಲೂ ಇರುವುದು ಹೇಗೆ? ಕೊಂಡಾಗ ಕೈಗೆ ಬಾರದ್ದು, ತೆಗೆದಾಗ ಹೋಗದ್ದು, ಇದು ಎಂಥ ವ್ಯವಹಾರ ಎಂದು ನನ್ನನ್ನು ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಅಳಿಯ ಮರ್ಯಾದೆಗೆ ಹಾಗೆ ಹೇಳಿದ್ದಾರೆ ಎಂದು ಮಾಸ್ತರು ತೀರ್ಮಾನಿಸಿದರು.

ಆದರೂ ತೆಗೆಯದೆ ಗತಿ ಇಲ್ಲ. ನಾನು ಗುಂಡಿ ಒತ್ತುವ ಮೊದಲು ಮಾಸ್ತರು ಮೊಬೈಲ್ ತಂದು ಫುಟ್‌ಬಾಲಿನದ್ದೊಂದು ಫೋಟೋ ಹೊಡೆದುಕೊಂಡರು. ಅಳಿಯ ಹಬ್ಬಕ್ಕೆ ಬಂದಾಗ ಕೊನೇ ಪಕ್ಷ ಫೋಟೋ ಆದರೂ ತೋರಿಸಬಹುದಲ್ಲ ಎಂದರು.

ಎರಡು ಕಡೆ ಕಪ್ಪು

ಗೇಮು ಇಳಿಯಿತು. ತೆರೆದರೆ ಚಿತ್ರ ನಡುವೆ ಮಾತ್ರ, ಎಡಕ್ಕೂ ಬಲಕ್ಕೂ ಕಪ್ಪು. ಇದು ನನ್ನ ಕ್ಷೇತ್ರ ಎಂದು ಉತ್ಸಾಹ ಬಂತು. ಟಿವಿಯನ್ನು ಮಂಚದ ಮೇಲೆ ಬೋರಲು ಮಲಗಿಸಿ, ಹಿಂದಿನ ಮುಚ್ಚಳ ಬಿಚ್ಚಿ, ಒಳಗಿನ ವೈರುಗಳನ್ನೆಲ್ಲ ಒತ್ತಿ ನೋಡಿ, ಧೂಳು ಒರೆಸಿ ವಾಪಸ್ ಮುಚ್ಚಿದೆ. ಒಂದು ಸ್ಕ್ರೂ ಉಳಿಯಿತು. ಕಪ್ಪು ಮಾತ್ರ ಇದ್ದಲ್ಲೇ ಇತ್ತು.

ಮಗಳು ಫೋನಿನಲ್ಲಿ ನಕ್ಕಳು. ಆ ಕಾಲದ ಟಿವಿ ಚೌಕ, ಈಗಿನದು ಅಗಲ, ಹಳೇ ಗೇಮಿನ ಚಿತ್ರ ಚೌಕವಾಗಿಯೇ ಬರುತ್ತದಂತೆ. ಬೇಡವಾದರೆ ಅಗಲ ಮಾಡಲಿಕ್ಕೂ ಬರುತ್ತದೆ ಎಂದಳು. ಮಾಡಿದೆ. ಪರದೆ ತುಂಬಿತು, ಜೊತೆಗೆ ಗಿಡ್ಡ ಮನುಷ್ಯ ಹೊಟ್ಟೆ ಬಿಟ್ಟುಕೊಂಡು ಡುಮ್ಮಗಾದ.

ಅಕ್ಕೋರು ಅವನನ್ನೊಮ್ಮೆ, ಕುರ್ಚಿಯಲ್ಲಿದ್ದ ಮಾಸ್ತರನ್ನೊಮ್ಮೆ ನೋಡಿದರು. "ಇದನ್ನು ತೆಗೆದು ಮೊದಲಿನ ಹಾಗೇ ಮಾಡಿ ಭಾಯಿ. ಪೆನ್ಶನ್ ಶುರುವಾದವರು ಕೋಟೆ ಹತ್ತೋದಿಲ್ಲ."

ಪರೀಕ್ಷಾ ನಿಯಮ

ಹೊಸ ಗೇಮಿನಲ್ಲಿ ಒಂದು ಸೌಕರ್ಯ ಇತ್ತು. ಸತ್ತರೆ ರಿಮೋಟಿನ ಒಂದು ಗುಂಡಿ ಒತ್ತಿ ಸಾಯುವ ಮೊದಲಿನ ಕ್ಷಣಕ್ಕೆ ವಾಪಸ್ ಹೋಗಬಹುದು. ಮಾಸ್ತರು ಇದನ್ನು ಕೇಳಿ ಕೆಂಡವಾದರು. "ಉತ್ತರ ತಪ್ಪಾದಾಗೆಲ್ಲ ಪತ್ರಿಕೆ ಅಳಿಸಿ ಬರೆಯೋದಾ? ಹಾಂಗಾದ್ರೆ ಶಾಲೆ ಎಂತಕ್ಕೆ?" ಎಂದು ಆ ಗುಂಡಿಯ ಮೇಲೆ ಅಕ್ಕೋರ ಹಣೆಯ ಟಿಕಳಿಯನ್ನೇ ಅಂಟಿಸಿದರು. ಆಟ ಆಡುವಾಗ ತಾವು ಎದುರಿಗೆ ಇರಬೇಕು, ಸಾಕ್ಷಿಗೆ ನಾನೂ ಇರಬೇಕು, ಒಂದೇ ಸಲ ಕೂತು ಏಳು ಕೋಟೆ ಮುಗಿಸಬೇಕು ಎಂದು ನಿಯಮ ಓದಿದರು.

ಅಕ್ಕೋರು ಎಲ್ಲದಕ್ಕೂ ಒಪ್ಪಿದರು. ಎರಡು ತಿಂಗಳು ಅಭ್ಯಾಸ ಮಾಡಿದರು. ಆ ಎರಡು ತಿಂಗಳಲ್ಲಿ ನಾನು ಹೋದಾಗೆಲ್ಲ ಅವರ ಹೆಬ್ಬೆರಳಿಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದು ಕಾಣುತ್ತಿತ್ತು. ನಗು ಬರುತ್ತಿತ್ತು, ಸಂಕಟವೂ ಆಗುತ್ತಿತ್ತು. ಒಮ್ಮೆ ಕೇಳಿಯೇಬಿಟ್ಟೆ, ಇಷ್ಟು ಕಷ್ಟ ಯಾಕೆ ಎಂದು.

"ತೆಳ್ಳೇವಿಗಾಗಿ ಅಲ್ಲ ಭಾಯಿ. ಮೂವತ್ತು ವರ್ಷ ನಾನು ಸುಳ್ಳು ಹೇಳಿದವಳಾಗಿ ಉಳಿದೆ" ಎಂದರು. ಅಷ್ಟು ಹೊತ್ತಿಗೆ ಮಾಸ್ತರು ಒಳಗೆ ಬಂದರು. ಅಕ್ಕೋರು ಧ್ವನಿ ಏರಿಸಿ, "ತೆಳ್ಳೇವಿಗೂ ಹೌದು" ಎಂದರು.

ಏಳನೇ ಕೋಟೆ

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಕೂತರು. ಮಾಸ್ತರು ಪರೀಕ್ಷೆಯ ಮೇಲ್ವಿಚಾರಕರ ಹಾಗೆ ಕೈ ಹಿಂದೆ ಕಟ್ಟಿ ನಿಂತರು. ಒಂದು, ಎರಡು, ಮೂರು ಕೋಟೆ ಸಲೀಸು. ನಾಲ್ಕರಲ್ಲಿ ಬಾವಲಿ ಕಚ್ಚಿ ಒಂದು ಜೀವ ಹೋಯಿತು. ಆರರಲ್ಲಿ ಹಗ್ಗ ತಪ್ಪಿ ಇನ್ನೊಂದು ಹೋಯಿತು. ಏಳನೆಯದಕ್ಕೆ ಬರುವಾಗ ಉಳಿದದ್ದು ಒಂದೇ ಜೀವ.

ಅಭ್ಯಾಸದಲ್ಲಿ ಅಕ್ಕೋರು ಆರನೇ ಕೋಟೆ ದಾಟಿರಲೇ ಇಲ್ಲ. ಏಳನೆಯದರ ದಾರಿ ಮೂವತ್ತು ವರ್ಷದ ಹಿಂದೆ ಕಂಡದ್ದು, ಅರ್ಧ ಮರೆತುಹೋಗಿತ್ತು. ಕಲ್ಲಿನ ಮೆಟ್ಟಿಲು ಹತ್ತಿದ ಗಿಡ್ಡ ಮನುಷ್ಯ ಕವಲಿನಲ್ಲಿ ನಿಂತ. ಅಕ್ಕೋರು ಒಂದು ಕ್ಷಣ ಯೋಚಿಸಿ ಎಡಕ್ಕೆ ತಿರುಗಿಸಿದರು.

ಮಾಸ್ತರು ಕೂಗಿದರು: "ಏ, ಎಡಕ್ಕೆ ಹೋಗಡ! ಅಲ್ಲಿ ಮುಳ್ಳಿನ ಗುಂಡಿ ಇದ್ದು. ಅವತ್ತೂ ಅಲ್ಲೇ ಬಿದ್ದು ಜೀವ ಕಳ್ಕಂಡಿದ್ದೆ ನೀನು!"

ಅಕ್ಕೋರು ಬಲಕ್ಕೆ ತಿರುಗಿಸಿದರು. ಮೂರು ಜಿಗಿತ, ಒಂದು ಏಣಿ. ಗಿಡ್ಡ ಮನುಷ್ಯ ಪಂಜು ಎತ್ತಿದ, ದೀಪ ಹತ್ತಿಕೊಂಡಿತು, ಸಂಗೀತ ಶುರುವಾಯಿತು. ಅವರು ರಿಮೋಟು ಕೆಳಗಿಟ್ಟು ನಿಧಾನಕ್ಕೆ ಗಂಡನ ಕಡೆ ತಿರುಗಿದರು.

"ಅವತ್ತು ನಿಂಗ ಮಲಗಿದ್ರಿ ಅಲ್ದ?"

ಮಾಸ್ತರು ನನ್ನನ್ನು ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಆನು ಅರ್ಧ ಕಣ್ಣು ಬಿಟ್ಕಂಡಿದ್ದಿ" ಎಂದರು ಮಾಸ್ತರು ಬಹಳ ಸಣ್ಣ ಧ್ವನಿಯಲ್ಲಿ. "ಎಂಗೆ ತೆಳ್ಳೇವು ಎರೆಯಲೆ ಬತ್ತಿಲ್ಲೆ ಮಾರಾಯ್ತಿ. ಹೆದರಿಕೆ ಆತು."

ಅಕ್ಕೋರಿಗೆ ಸಿಟ್ಟು ಬರುತ್ತದೆ ಎಂದು ಹೊರಡಲು ಚಪ್ಪಲಿ ಹುಡುಕಿದೆ. ಅವರು ಅತ್ತರು, ಆಮೇಲೆ ನಕ್ಕರು, ಆಮೇಲೆ ಮತ್ತೆ ಅತ್ತರು. ಯಾವುದಕ್ಕೆ ಸಮಾಧಾನ ಹೇಳಬೇಕು ಎಂದು ತಿಳಿಯದೆ ನಾನು ಸುಮ್ಮನೆ ಡಬ್ಬಿಯ ಧೂಳು ಒರೆಸಿದೆ. ಕಣ್ಣೊರೆಸಿಕೊಂಡ ಮೇಲೆ ಅವರು ಅಡಿಗೆಮನೆಯತ್ತ ಕೈ ತೋರಿಸಿ, "ಅಕ್ಕಿ ನೆನೆ ಹಾಕಿ" ಎಂದು ಅಪ್ಪಣೆ ಕೊಟ್ಟರು.

ಗೆದ್ದ ಮೇಲೆ

ಹದಿನೈದು ದಿನಕ್ಕೆ ಮತ್ತೆ ಫೋನು. "ಬೆಳಿಗ್ಗೆಯೇ ಬನ್ನಿ ಭಾಯಿ, ಡಬ್ಬಿಯದೇ ಕೆಲಸ." ಹೋದೆ. ಮಾಸ್ತರು ಪಂಚೆ ಎತ್ತಿಕಟ್ಟಿ ಕಾವಲಿಯ ಮುಂದೆ ಬೆವರುತ್ತಿದ್ದರು. ಅಕ್ಕೋರ ಪಕ್ಕದಲ್ಲಿ ನನಗೂ ಒಂದು ಬಾಳೆಲೆ ಹಾಕಿದರು. ಬಿದ್ದದ್ದು ತೆಳ್ಳೇವು ಅಲ್ಲ, ಬೆರಳು ದಪ್ಪದ ಏನೋ ಒಂದು. ಒಂದು ಬದಿ ಕರಕಲು, ಇನ್ನೊಂದು ಬದಿ ಹಸಿ. ಜೋನಿ ಬೆಲ್ಲ ಸುರಿದುಕೊಂಡು ಕಣ್ಣು ಮುಚ್ಚಿ ನುಂಗಿದೆ. ಮಾಸ್ತರು ಬಾಗಿಲಲ್ಲಿ ನಿಂತು, "ಹ್ಯಾಂಗಿದ್ದು?" ಎಂದರು. ಅವರ ಮುಖದಲ್ಲಿ ಎಂಥ ಹುರುಪು ಇತ್ತೆಂದರೆ ಅಕ್ಕೋರೂ ನಾನೂ ಒಟ್ಟಿಗೆ, "ಚೊಲೋ ಆಯಿದು" ಎಂದೆವು. ಅವರು ಖುಷಿಯಿಂದ ಇನ್ನೆರಡು ತರಲು ಹೋದರು.

ಅಕ್ಕೋರು ನನ್ನ ಕಡೆ ಬಾಗಿದರು. "ಭಾಯಿ, ಆ ಗೆದ್ದಿದ್ದನ್ನ ಡಬ್ಬಿಯಿಂದ ತೆಗೀಲಿಕ್ಕೆ ಬರ್ತದಾ?"

ನಾನು ಇಡೀ ಗೇಮನ್ನೇ ತೆಗೆದು ನೋಡಿದೆ. ಮತ್ತೆ ಇಳಿಸಿದರೆ, ಏಳು ಕೋಟೆ ಮುಗಿದಿದೆ ಎಂಬ ಗುರುತು ಅಲ್ಲೇ ಕೂತಿತ್ತು. ಫೋನಿನಲ್ಲಿ ಮಗಳು, "ಅದು ಜನ್ಮದಲ್ಲಿ ಹೋಗೂದಿಲ್ಲ ಆಯಿ, ಖಾತೆಯಲ್ಲಿ ಉಳಿದುಬಿಡ್ತದೆ" ಎಂದು ಅಭಿನಂದಿಸಿದಳು.

ಅಕ್ಕೋರು ಎಲೆಯ ಮೇಲಿನದನ್ನು ತುದಿಗೆ ಸರಿಸಿದರು. ಆಮೇಲೆ ಒಳಗೆ ಕೇಳದ ಹಾಗೆ ಹೇಳಿದರು: "ಅವರಿಗೂ ಗೇಮ್ ಕಲಿಸ್ತಾ ಇದ್ದೇನೆ ಭಾಯಿ. ಹೊಸ ಪಂಥ ಕಟ್ಟಿದ್ದೇವೆ, ಅವರು ದೀಪ ಹಚ್ಚಿದರೆ ಕಾವಲಿ ಮತ್ತೆ ನನಗೆ. ಬೇಡಿದ್ದು ಆದರೆ ಚಂದಗುಳಿ ಗಣಪತಿಗೆ ಗಂಟೆ ಕಟ್ಟುತ್ತಾರಲ್ಲ, ನಾನೂ ಹರಕೆ ಹೊತ್ತಿದ್ದೇನೆ. ಈ ಸಲ ಅವರು ಗೆಲ್ಲಲಿ ಅಂತ."

"ಗೆಲ್ತಾರಾ?"

"ಎಲ್ಲಿ! ಇನ್ನೂ ಮೊದಲನೇ ಕೋಟೆಯ ಬಾಗಿಲಲ್ಲೇ ಸಾಯ್ತಿದ್ದಾರೆ. ಗುಂಡಿ ಮೇಲಿನ ಟಿಕಳಿ ನಾನೇ ಕಿತ್ತಿಟ್ಟಿದ್ದೇನೆ, ಆದರೂ ಮೋಸ ಮಾಡೋದಿಲ್ಲ ಅಂತಾರೆ, ಹಾಳು ಮನುಷ್ಯ!"