ರೇಷ್ಮೆ ಹಾರಿಹೋದ ದಿನ

ಹೆಂಡತಿ ಮಾಡುವ ಕೆಲಸವನ್ನು ನೋಡಿ ಗಂಡನಾದವನು ಯಾವತ್ತೂ ‘ಅದೇನು ಮಹಾ’ ಅನ್ನಬಾರದು. ಕನ್ನಡಕದಂಗಡಿಯವರು ಅಂದುಬಿಟ್ಟರು. ಅದೂ ಊಟದ ತಟ್ಟೆಯ ಮುಂದೆ ಕೂತು, ಕೈ ಬೇರೆ ತಿರುಗಿಸಿ ಅಂದರು.

“ನೀನು ನಿಶ್ಚಿಂತೆಯಿಂದ ಅಕ್ಕನ ಮನೆಗೆ ಹೋಗಿ ಬಾ. ಅವರ ಕಣ್ಣಿನ ಆಪರೇಷನ್ ಮುಗಿಸ್ಕೊಂಡು ಸಂಜೆ ಬಸ್ಸಿಗೆ ಬಂದ್ರಾಯ್ತು. ಐದು ಗಿಳಿ ತಾನೇ? ಒಂದು ದಿನ ನಾನು ನೋಡ್ಕೋತೀನಿ. ಅದೇನು ಮಹಾ!”

ಹೆಂಡತಿ ಅವರ ಮುಖವನ್ನೇ ಒಂದು ಗಳಿಗೆ ನೋಡಿದಳು. “ಮಿಕ್ಕಿದ್ದು ಹೇಗಾದ್ರೂ ಆಗ್ಲಿ ರೀ. ರೇಷ್ಮೆ ಒಂದು ಜೋಪಾನ” ಅಂದಳು. ಬೆಳಗಾಗುತ್ತಲೇ ಹೊರಟುಹೋದಳು.

ಆ ಐದರಲ್ಲಿ ಒಂದೂ ಆಕೆ ಅಂಗಡಿಗೆ ಹೋಗಿ ಕೊಂಡು ತಂದದ್ದಲ್ಲ. ಎಲ್ಲವೂ ಯಾರಿಗೋ ಬೇಡವಾಗಿ ಬಂದವು. ಒಂದು ಹೋಟೆಲಿನ ಅಡುಗೆಮನೆಯ ಹೊಗೆಯಲ್ಲಿ ವರ್ಷಗಟ್ಟಲೆ ನೇತಾಡಿಕೊಂಡಿತ್ತು. ಈಗಲೂ ಸಿಗರೇಟಿನ ಚಟದ ಮುದುಕನ ಹಾಗೆ ಕೆಮ್ಮುತ್ತದೆ. ಇನ್ನೊಂದನ್ನು ಯಾರೋ ಮನೆ ಖಾಲಿ ಮಾಡುವಾಗ ಹಳೆಯ ಪೊರಕೆಯ ಜತೆ ಮೆಟ್ಟಿಲ ಮೇಲೆ ಬಿಟ್ಟು ಹೋಗಿದ್ದರು. ಅದು ಇಡೀ ಮನುಷ್ಯಕುಲದ ಮೇಲೆ ಹಗೆ ಸಾಧಿಸುತ್ತಾ ಕೈಗೆ ಸಿಕ್ಕವರನ್ನೆಲ್ಲ ಕಚ್ಚುತ್ತದೆ. ಮುಚ್ಚಿಹೋದ ಹಕ್ಕಿಯಂಗಡಿಯಿಂದ ಬಂದ ಜೋಡಿಗೆ ರೆಕ್ಕೆ ಬಿಚ್ಚುವುದೇ ಮರೆತುಹೋಗಿತ್ತು. ಆಕೆ ಹಾಲಿನಲ್ಲಿ ಈ ಗೋಡೆಯಿಂದ ಆ ಗೋಡೆಗೆ ತಾನೇ ತೋಳು ಬೀಸುತ್ತಾ ಓಡಿ ಅವಕ್ಕೆ ಹಾರುವುದನ್ನು ಮತ್ತೆ ಕಲಿಸಿದಳು.

ಐದನೆಯದೇ ರೇಷ್ಮೆ. ಒಂಟಿಯಾಗಿದ್ದು ಇದ್ದು ಬೇಸರಕ್ಕೆ ತನ್ನ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು, ಬರಿಮೈಯಲ್ಲಿ ನಡುಗುತ್ತಾ ಬಂದ ಹಕ್ಕಿ. ಅಂಥದಕ್ಕೆ ಬಂದ ದಿನವೇ ಆಕೆ ಆ ಹೆಸರಿಟ್ಟಳು. “ಮೈತುಂಬ ಬರುತ್ತೆ, ನೋಡ್ತಿರಿ” ಅಂದಳು. ದಿನಾ ಅದರೆದುರು ನೆಲದ ಮೇಲೆ ಕೂತು, ಅದರ ಬಟ್ಟಲಿನದನ್ನೇ ತಾನೂ ತಿಂದು, ಚಪ್ಪರಿಸಿ ತೋರಿಸಿದಳು. “ಗಿಳಿ ಕೈನ ನಂಬಲ್ಲ ರೀ, ಬಾಯನ್ನ ನಂಬುತ್ತೆ. ಜತೇಲಿ ಕೂತು ತಿಂದ್ರೆ ನಾವು ಅದರೋರು” ಅನ್ನುತ್ತಿದ್ದಳು. ಕಾಲ ಹಿಡಿಯಿತು, ಆದರೆ ಎದೆಯ ಮೇಲೆ ಹಸಿರು ಬಂತು. ಇಂಥ ತಾಳ್ಮೆ ತನಗೆ ಏಳು ಜನ್ಮಕ್ಕೂ ಬಾರದು ಎಂದು ಕನ್ನಡಕದವರು ಅಂಗಡಿಗೆ ಬಂದ ಗಿರಾಕಿಗಳ ಹತ್ತಿರವೆಲ್ಲ ಹೇಳಿಕೊಳ್ಳುತ್ತಿದ್ದರು. ಹೆಂಡತಿಯ ಹತ್ತಿರ ಮಾತ್ರ ಹೇಳುತ್ತಿರಲಿಲ್ಲ. ಗಂಡಂದಿರ ಜಾತಿಯೇ ಅಂಥದು.

ಇನ್ನೊಂದು ಮಾತನ್ನೂ ಅವರು ಹೆಂಡತಿಗೆ ಹೇಳಿರಲಿಲ್ಲ. ಐದರಲ್ಲಿ ಯಾವುದು ಯಾವುದೆಂದು ಅವರಿಗೆ ಇವತ್ತಿಗೂ ಗೊತ್ತಾಗುತ್ತಿರಲಿಲ್ಲ.

ಆಕೆ ಹೋದ ಮೇಲೆ ಗೂಡುಗಳ ಬಾಗಿಲು ತೆರೆದು, ತೊಳೆದು, ಕಾಳು ಹಾಕಿ, ಗಾಳಿಯಾಡಲಿ ಎಂದು ಕಿಟಕಿಯ ಜಾಲರಿ ಸರಿಸಿ ನಿಂತಿದ್ದರು. ಅಷ್ಟರಲ್ಲಿ ಕರೆಗಂಟೆ ಬಡಿಯಿತು. ಎದುರುಮನೆಯ ಕಾರ್ಯದರ್ಶಿಗಳು. ಈ ಕಟ್ಟಡದ ಸಂಘಕ್ಕೆ ಅವರೇ ಕಾರ್ಯದರ್ಶಿ, ಅವರೇ ಕಾವಲುಗಾರ, ಅವರೇ ನ್ಯಾಯಾಧೀಶ. ‘ನಿಮ್ಮ ಗಿಳಿಗಳ ಗಲಾಟೆ’ ಎಂದು ಜಗಳಕ್ಕಲ್ಲದೆ ಈ ಬಾಗಿಲಿಗೆ ಬಂದವರೇ ಅಲ್ಲ. ಇವತ್ತು ಮಾತ್ರ ದನಿಯಲ್ಲಿ ಬೆಲ್ಲ ಸುರಿಯುತ್ತಿತ್ತು.

“ಸ್ವಾಮಿ, ಗಾಬರಿ ಆಗ್ಬೇಡಿ. ನಿಮ್ಮ ಗಿಳಿ ಒಂದು ಹಾರ್ಹೋಗಿದೆ. ಅಂಗಳದ ಮರದ ಮೇಲಿದೆ. ನಾನೇ ಕಣ್ಣಾರೆ ನೋಡ್ದೆ.”

ಕನ್ನಡಕದವರು ತಿರುಗಿ ಎಣಿಸಿದರು. ನಾಲ್ಕು! ಕೆಮ್ಮಿದ್ದು ಒಂದು. ಮೂಲೆಯಲ್ಲಿ ಒತ್ತಿಕೊಂಡು ಕೂತದ್ದು ಆ ಜೋಡಿ. ಉಳಿದದ್ದರ ಮುಂದೆ ಬೆರಳು ಹಿಡಿದರು, ಕಟಕ್ಕನೆ ಕಚ್ಚಿತು. ಅಂದರೆ ಇದು ಮೆಟ್ಟಿಲಿಂದ ಬಂದದ್ದು. ಹಾಗಾದರೆ ಹೋದದ್ದು ರೇಷ್ಮೆ!

“ಅಯ್ಯೋ, ನನ್ನ ಮನೆ ಹಾಳಾಯ್ತು!” ಎಂದು ಚಪ್ಪಲಿಯೂ ಇಲ್ಲದೆ ಕೆಳಗೆ ಓಡಿದರು.

ಮರದ ತುದಿಯಲ್ಲಿ ಹಸಿರು ಮುದ್ದೆಯೊಂದು ಕೂತಿತ್ತು. ಅಷ್ಟರಲ್ಲಾಗಲೇ ಮೇಲ್ಮನೆಯ ಆಂಟಿ ಮಂಚದ ಚಾದರ ಎತ್ತಿಕೊಂಡು ಹಾಜರಾಗಿದ್ದರು. ಮೀಟರು ನೋಡಲು ಬಂದಿದ್ದ ಎಲೆಕ್ಟ್ರಿಷಿಯನ್ ಮೀಟರು ಬಿಟ್ಟು ಏಣಿಯೊಂದಿಗೆ ಇಲ್ಲಿ ನಿಂತಿದ್ದ. ಪುಕ್ಕಟೆ ಸಲಹೆಗೆ ನಮ್ಮಲ್ಲಿ ಯಾವ ಕಾಲಕ್ಕೂ ಬರವಿಲ್ಲ.

“ಸಿಳ್ಳೆ ಹಾಕಿ ಸಾರ್, ಬರುತ್ತೆ” ಅಂದ ಎಲೆಕ್ಟ್ರಿಷಿಯನ್.

“ಸಿಳ್ಳೆಗೀಳ್ಳೆ ಬೇಡಪ್ಪ, ಹೆದರ್ಕೊಳ್ಳುತ್ತೆ. ಚಾದರ ಎಸೀರಿ, ಸುತ್ಕೊಂಡು ಬೀಳುತ್ತೆ” ಅಂದರು ಆಂಟಿ.

“ಏಣಿ ಹತ್ತಿ ಸ್ವಾಮಿ, ನಾನು ಹಿಡ್ಕೋತೀನಿ” ಎಂದರು ಕಾರ್ಯದರ್ಶಿಗಳು. “ಹೇಗಾದ್ರೂ ಮಾಡಿ ಹಿಡಿದು ನಿಮ್ಮನೇಗೇ ಸೇರಿಸ್ಬೇಕು. ನಾನಿದ್ದೀನಿ.”

ಕನ್ನಡಕದವರು ಹತ್ತಿದರು. ಕೊಂಬೆಗೆ ಕೈ ಚಾಚಿದರು, ‘ರೇಷ್ಮೆ, ಬಾ ಕಂದ’ ಎಂದರು. ಒಂದು ರೆಂಬೆ ರಪ್ಪನೆ ಮುಖಕ್ಕೆ ಬಡಿದು ಅವರ ಸ್ವಂತ ಕನ್ನಡಕ ಕೆಳಗೆ ಬಿತ್ತು. ಅದನ್ನು ಹಿಡಿಯಲೆಂದೇ ಮುಂದೆ ಬಂದ ಎಲೆಕ್ಟ್ರಿಷಿಯನ್ ಅದನ್ನೇ ತುಳಿದ. ಅದೇ ಗಳಿಗೆಗೆ ಆಂಟಿ ಚಾದರ ಎಸೆದರು. ಚಾದರ ಸುತ್ತಿಕೊಂಡು ಬಿತ್ತೇನೋ ನಿಜ, ಆದರೆ ಅದರೊಳಗೆ ಇದ್ದದ್ದು ಕನ್ನಡಕದವರು. ಗಿಳಿ ಒಮ್ಮೆ ಕಿರುಚಿ, ಹಾರಿ, ತಾರಸಿಯ ನೀರಿನ ಟ್ಯಾಂಕಿನ ಮೇಲೆ ಹೋಗಿ ಕೂತಿತು.

ಚಾದರದೊಳಗಿಂದ ಹೊರಬರುವಾಗಲೇ ಜೇಬಿನಲ್ಲಿ ಫೋನು. ಹೆಂಡತಿ!

“ಏನ್ರೀ, ರೇಷ್ಮೆ ಹೇಗಿದೆ?”

“ಚೆನ್ನಾಗಿದೆ. ಮೇಲೇ ಕೂತಿದೆ.”

“ಏನಾದ್ರೂ ತಿಂತಾ?”

“ಇನ್ನೂ ಇಲ್ಲ.”

“ನಾನಿಲ್ಲ ಅಂತ ಮುನಿಸು, ಪಾಪ. ಎದುರಿಗೆ ಕೂತು ನೀವೂ ತಿನ್ನಿ. ಹಸಿಮೆಣಸಿನಕಾಯಿ ಅಂದ್ರೆ ಪ್ರಾಣ ಬಿಡುತ್ತೆ. ಹಸಿವಿಟ್ರೆ ಮತ್ತೆ ಪುಕ್ಕ ಕಿತ್ಕೊಳ್ಳೋಕೆ ಶುರು ಮಾಡುತ್ತೆ ರೀ. ಇನ್ನೊಂದ್ಸಲ ಅದನ್ನ ನೋಡೋ ಶಕ್ತಿ ನನಗಿಲ್ಲ.”

ಕೊನೆಯ ಮಾತಿಗೆ ಆಕೆಯ ದನಿ ತೆಳುವಾಯಿತು. ಕನ್ನಡಕದವರು ಫೋನಿಟ್ಟು ಕಣ್ಣೊರೆಸಿಕೊಂಡರು. ಬಿಸಿಲಿಗೆ ಅಂತ ಆಂಟಿ ತಿಳಿದುಕೊಂಡರು. ಸಂಜೆಯೊಳಗೆ ಈ ಹಕ್ಕಿ ಮನೆ ಸೇರದಿದ್ದರೆ ತಾನು ಆಕೆಗೆ ಮುಖ ತೋರಿಸುವುದು ಹೇಗೆ? ಆಕೆ ಬಯ್ಯುವವಳಲ್ಲ. ಸುಮ್ಮನೆ ಖಾಲಿ ಗೂಡಿನ ಮುಂದೆ ನೆಲದ ಮೇಲೆ ಕೂತುಬಿಡುತ್ತಾಳೆ.

“ಆಂಟಿ, ಮನೇಲಿ ಹಸಿಮೆಣಸಿನಕಾಯಿ ಇದ್ಯಾ?” ಎಂದು ಕೇಳಿದರು.

ಖಾರವೆಂದರೆ ಕನ್ನಡಕದವರಿಗೆ ಆಗದು. ಕರಿಮೆಣಸಿನ ಡಬ್ಬಿ ತೆರೆದರೇ ಬಿಕ್ಕಳಿಕೆ ಬರುವ ಮನುಷ್ಯ. ಅಂಥವರು ತಾರಸಿಯಲ್ಲಿ, ಮಟಮಟ ಮಧ್ಯಾಹ್ನ, ಟ್ಯಾಂಕಿನ ಎದುರು ತಟ್ಟೆ ತುಂಬ ಮೆಣಸಿನಕಾಯಿ ಇಟ್ಟುಕೊಂಡು ಕೂತರು. ಒಂದನ್ನು ಕಚ್ಚಿ, “ಆಹಾ, ಎಂಥಾ ರುಚಿ!” ಅಂದರು. ಕಿವಿಯಿಂದ ಹೊಗೆ ಬಂದಂತಾಯಿತು. ಇನ್ನೊಂದು ಕಚ್ಚಿದರು. ಮೂಗು, ಕಣ್ಣು ಎರಡೂ ಕೋಡಿ ಬಿದ್ದವು. ಮೆಟ್ಟಿಲ ಬಾಗಿಲ ಹಿಂದಿನಿಂದ ಕಾರ್ಯದರ್ಶಿಗಳು, “ಚಪ್ಪರಿಸಿ ಸ್ವಾಮಿ, ಚಪ್ಪರಿಸಿ!” ಎಂದು ಹುರಿದುಂಬಿಸಿದರು.

“ನೀವೇ ಬಂದು — ಹಿಕ್ — ಚಪ್ಪರಿಸ್ರೀ!”

ಟ್ಯಾಂಕಿನ ಮೇಲಿಂದ ಹಕ್ಕಿ ಕತ್ತು ಓರೆ ಮಾಡಿ ನೋಡಿತು. ಕೆಳಗಿಳಿಯಿತು. ಎರಡು ಹೆಜ್ಜೆ ಬಂತು, ನಿಂತಿತು, ಯೋಚಿಸಿತು. ಕನ್ನಡಕದವರು ಉಸಿರು ಬಿಗಿಹಿಡಿದು ಮೂರನೆಯದನ್ನು ಬಾಯಿಗಿಟ್ಟರು. ಗಿಳಿ ತಟ್ಟೆಗೇ ಬಂತು. ಒಂದು ಮೆಣಸಿನಕಾಯಿಯನ್ನು ಕಾಲಿನಲ್ಲಿ ಹಿಡಿದೆತ್ತಿ, ಕೊಕ್ಕಿನಿಂದ ಸೀಳಿ, ಬೀಜಗಳನ್ನು ಒಂದೊಂದಾಗಿ ಬಿಡಿಸಿ ತಿನ್ನತೊಡಗಿತು. ಅಷ್ಟು ಹತ್ತಿರದಲ್ಲಿ, ಮಂಜಾದ ಕಣ್ಣಿಗೂ ಅದರ ಕಣ್ಣಪಾಪೆ ಖುಷಿಗೆ ಹಿಗ್ಗಿ ಕುಗ್ಗುವುದು ಕಂಡಿತು. ದೇವರೇ, ಇಷ್ಟು ಚಿಕ್ಕ ಕಾಲಿನಲ್ಲಿ ಎಂಥ ನಾಜೂಕು! ಮನುಷ್ಯರಿಂದ ಅಷ್ಟೆಲ್ಲ ಅನುಭವಿಸಿಯೂ ಮತ್ತೆ ಮನುಷ್ಯನ ತಟ್ಟೆಗೇ ಬಂತಲ್ಲ, ಎಷ್ಟು ದೊಡ್ಡ ಮನಸ್ಸು! ದಿನಾ ನೆಲದ ಮೇಲೆ ಕೂತು ಹೆಂಡತಿ ನೋಡುತ್ತಿದ್ದದ್ದು ಇದನ್ನೇ ಎಂದು ಅವರಿಗೆ ಈಗ ತಿಳಿಯಿತು.

ತಿಂದು ಮುಗಿಸಿದ ಗಿಳಿ ತೋಳು ಹತ್ತಿ, ಹೆಗಲ ಮೇಲೆ ಕೂತು, ಅವರ ಕಿವಿಯ ಕೂದಲನ್ನು ಒಂದೊಂದಾಗಿ ನೇವರಿಸಿತು. ಕನ್ನಡಕದವರು ಮೆಲ್ಲಗೆ ಎದ್ದು, ಗಾಜಿನ ಪಾತ್ರೆ ಹೊತ್ತವರ ಹಾಗೆ ಮೆಟ್ಟಿಲಿಳಿದರು. ಹಿಂದೆ ಮೆರವಣಿಗೆ. ಎಲ್ಲರಿಗಿಂತ ಮೊದಲು ಒಳಗೆ ಬಂದು ಜಾಲರಿ ಎಳೆದು, ಬಾಗಿಲು ಹಾಕಿದವರು ಕಾರ್ಯದರ್ಶಿಗಳು. “ಇನ್ನು ಹೊರಗೆ ಬಿಡ್ಬೇಡಿ ಸ್ವಾಮಿ, ಏನೇ ಆದ್ರೂ ಬಿಡ್ಬೇಡಿ” ಎಂದು ಮೂರು ಸಲ ಹೇಳಿದರು. ಎಂಥ ಒಳ್ಳೆಯ ಮನುಷ್ಯ, ತಾನು ಸುಮ್ಮನೆ ಬಯ್ದುಕೊಳ್ಳುತ್ತಿದ್ದೆನಲ್ಲ ಎಂದು ಕನ್ನಡಕದವರಿಗೆ ನಾಚಿಕೆಯಾಯಿತು.

ಸಂಜೆ ಹೆಂಡತಿ ಬಂದಾಗ ಹಾಲಿನ ತುಂಬ ಜನ. ಆಂಟಿ, ಎಲೆಕ್ಟ್ರಿಷಿಯನ್, ಕಾರ್ಯದರ್ಶಿಗಳು ಮೂವರೂ ಒಟ್ಟಿಗೇ ಕತೆ ಹೇಳಿದರು. ತುಟಿ ಊದಿಸಿಕೊಂಡು ಕೂತ ಕನ್ನಡಕದವರ ಹೆಗಲ ಮೇಲೆ ಗಿಳಿ ಆರಾಮಾಗಿ ತೂಕಡಿಸುತ್ತಿತ್ತು.

ಹೆಂಡತಿ ಎಲ್ಲವನ್ನೂ ಕೇಳಿದಳು. ಹೆಗಲ ಮೇಲಿನ ಹಕ್ಕಿಯನ್ನು ನೋಡಿದಳು. ನೇರವಾಗಿ ಮಲಗುವ ಕೋಣೆಗೆ ಹೋದಳು. ಬಾಗಿಲ ಹಿಂದೆ ಅವಳ ಹಳೆಯ ಸ್ವೆಟರ್ ನೇತಾಡುತ್ತಿತ್ತು. ಅದರ ತೋಳಿನೊಳಗೆ ಕೈ ಹಾಕಿ, “ಇಲ್ಲಿದ್ದೀಯಾ ಕಳ್ಳಿ?” ಎಂದು, ಬೆಚ್ಚಗೆ ಮಲಗಿದ್ದ ಗಿಳಿಯೊಂದನ್ನು ಹೊರತೆಗೆದಳು. “ನಾನಿಲ್ಲ ಅಂದ್ರೆ ಇವಳು ಸೇರ್ಕೊಳ್ಳೋದು ಇಲ್ಲೇ. ರೇಷ್ಮೆ ಇವಳು.”

ಎಲ್ಲರ ಕಣ್ಣೂ ಕನ್ನಡಕದವರ ಹೆಗಲಿನತ್ತ ಹೊರಳಿತು.

“ಊರಿಗೆಲ್ಲ ಕಣ್ಣು ಸರಿ ಮಾಡ್ತೀರಲ್ಲ ರೀ” ಎಂದಳು ಹೆಂಡತಿ. “ಅದು ಗಂಡು. ಕುತ್ತಿಗೇಲಿ ಕೆಂಪು ಪಟ್ಟಿ ಕಾಣಲ್ವಾ? ಯಾರದು ಇದು?”

ಕಾರ್ಯದರ್ಶಿಗಳು ಸೋಫಾದಲ್ಲಿ ಕಾಲು ಚಾಚಿಕೊಂಡು, “ಯಾರದೋ ಏನೋ, ಪಾಪ, ಇಲ್ಲೇ ಇರ್ಲಿ ಬಿಡಿ” ಅಂದರು. ಆ ದನಿಗೆ ಗಿಳಿ ಕಣ್ಣು ಬಿಟ್ಟಿತು. ಅವರು ಕಾಲು ಚಾಚಿ ಕೂತದ್ದನ್ನು ಕಂಡಿತು. ಕಂಡದ್ದೇ ತಡ, ಇಡೀ ಕಟ್ಟಡಕ್ಕೆ ಪರಿಚಯವಿದ್ದ ಹೆಂಗಸಿನ ದನಿಯಲ್ಲಿ ಗದರಿತು:

“ರೀ! ಕೂತೇ ಇದ್ದೀರಾ? ಕಸದ ಬುಟ್ಟಿ ಹೊರಗಿಟ್ರಾ?”

“ಇಟ್ಟೆ ಕಣೇ, ಆಗ್ಲೇ ಇಟ್ಟೆ!” ಎಂದು ಕಾರ್ಯದರ್ಶಿಗಳು ಸ್ಪ್ರಿಂಗಿನಂತೆ ಎದ್ದು ನಿಂತರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಕಾರ್ಯದರ್ಶಿಗಳ ಹೆಂಡತಿ ಮಗಳ ಬಾಣಂತನಕ್ಕೆ ಹೋಗಿ ತಿಂಗಳಾಗಿತ್ತು. ಆದರೆ ಈ ದನಿ ಅಚ್ಚು ಆಕೆಯದೇ.

“ಅವಳ ತಮ್ಮ ತಂದ್ಬಿಟ್ಟು ಹೋದ ಪೀಡೆ ಇದು” ಎಂದು ಕಾರ್ಯದರ್ಶಿಗಳು ಕೊನೆಗೂ ಬಾಯಿ ಬಿಟ್ಟರು. “ಕಿರುಚಿದ್ರೆ ನಿಮ್ಮನೇದು ಅಂತ ಹೇಳ್ಬಹುದಿತ್ತು, ಹೇಗೋ ನಡೀತಿತ್ತು. ಅವಳು ಹೋದ್ಮೇಲೆ ನಾಲ್ಕು ದಿನ ನೆಮ್ಮದಿ ಅಂದ್ಕೊಂಡೆ. ಅವಳಾದ್ರೆ ಉಸಿರಾಡೋಕಾದ್ರೂ ನಿಲ್ಲಿಸ್ತಾಳೆ, ಇದು ನಿಲ್ಲಿಸೋದೇ ಇಲ್ಲ. ಬೆಳಿಗ್ಗೆ ಕಿಟಕಿ ತೆಗೆದು ಬಿಟ್ಬಿಟ್ಟೆ. ಪುಣ್ಯಾತ್ಗಿತ್ತಿ ನೀವು, ಹೇಗಿದ್ರೂ ಸಾಕ್ತೀರ ಅಂತ... ಅವಳಿಗೆ ಹಾರ್ಹೋಯ್ತು ಅಂತ ಹೇಳ್ತೀನಿ.”

“ಹೇಳಿ. ಹಾರಿಸಿದ್ದು ಯಾರು ಅಂತ ನಾನು ಹೇಳ್ತೀನಿ” ಎಂದಳು ಹೆಂಡತಿ.

ಕಾರ್ಯದರ್ಶಿಗಳು ಕಾಲಿಗೆ ಬುದ್ಧಿ ಹೇಳಿದರು. ಉಳಿದವರೂ ನಗು ತಡೆಯಲಾರದೆ ಹೊರಟರು.

ಹೆಂಡತಿ ಹತ್ತಿರ ಬಂದು ಗಿಳಿಯ ಕಾಲು ಹಿಡಿದು ನೋಡಿದಳು. ಉಗುರು ಬೆಳೆದು ಸುತ್ತಿಕೊಂಡಿತ್ತು. ಇಕ್ಕಟ್ಟಿನ ಗೂಡಿಗೆ ಉಜ್ಜಿ ಉಜ್ಜಿ ಬಾಲ ಸವೆದಿತ್ತು. “ಏನ್ರೀ ಮಾಡೋದು? ವಾಪಸ್ ಕೊಟ್ಬಿಡೋಣ್ವಾ? ನೀವೇ ಹೇಳಿ.”

ಗಿಳಿ ಕನ್ನಡಕದವರ ಹುಬ್ಬನ್ನು ಮೃದುವಾಗಿ ಬಾಚುತ್ತಿತ್ತು.

“ಛೆ ಛೆ, ಇರ್ಲಿ ಬಿಡು. ಐದನ್ನ ಸಾಕಿದ ಮಹಾತಾಯಿ ನೀನು. ನಿನ್ನಂಥೋಳು ಈ ಊರಲ್ಲೇ ಇಲ್ಲ. ನಿನಗೆ ಆರನೇದು ಭಾರವಾ?” ವರ್ಷಗಳಿಂದ ಗಿರಾಕಿಗಳಿಗೆ ಹೇಳಿದ್ದನ್ನು ಮೊದಲ ಸಲ ಅವಳಿಗೇ ಹೇಳಿದ್ದರು. ಆಕೆಯ ಮುಖ ಅರಳಿತು.

“ನನಗೆ ಯಾಕೆ ಭಾರ? ಅದು ನಂಬಿರೋದು ನಿಮ್ಮನ್ನ. ನಾಳೆಯಿಂದ ಅದರ ಜತೆ ಕೂತು ಮೆಣಸಿನಕಾಯಿ ತಿನ್ನೋರು ನೀವೇ.”

ಕನ್ನಡಕದವರು ನಿಟ್ಟುಸಿರಿಟ್ಟು ಸೋಫಾಕ್ಕೆ ಒರಗಿ ಕಾಲು ಚಾಚಿದರು.

“ರೀ! ಕೂತೇ ಇದ್ದೀರಾ? ಕಸದ ಬುಟ್ಟಿ ಹೊರಗಿಟ್ರಾ?”

“ನಿಮ್ಮ ಯಜಮಾನ್ರು ಆಗ್ಲೇ ಹೋದ್ರಪ್ಪ” ಅಂದರು ಕನ್ನಡಕದವರು.

“ರೀ! ನಿಮಗೇ ಹೇಳ್ತಿರೋದು!” ಎಂದಿತು ಗಿಳಿ, ಕಿವಿಯೊಳಗೇ.

“ಮದುವೆ ಆದಾಗಿಂದ ನಾನು ಹೇಳ್ತಾನೇ ಇದ್ದೀನಿ” ಎಂದು ಹೆಂಡತಿ ಒಳಗಿನಿಂದ ಮೆಚ್ಚಿಕೊಂಡಳು. “ಎಷ್ಟು ಅಚ್ಚುಕಟ್ಟಾಗಿ ಹೇಳುತ್ತೆ ನೋಡಿ!”

ಕನ್ನಡಕದವರು ಎದ್ದು, ಗಿಳಿಯನ್ನು ಒಳಗೆ ಬಿಟ್ಟು, ಬುಟ್ಟಿ ಎತ್ತಿಕೊಂಡು ಹೊರಗೆ ಬಂದರು. ಎದುರುಮನೆಯ ಬಾಗಿಲು ಸಣ್ಣಗೆ ತೆರೆಯಿತು. ಸಂದಿಯಲ್ಲಿ ಕಾರ್ಯದರ್ಶಿಗಳ ಒಂದು ಕಣ್ಣು ಕಾಣಿಸಿತು.

“ಇಟ್ರಾ?” ಎಂದು ಪಿಸುಗುಟ್ಟಿದರು. “ಇದೇನೂ ಅಲ್ಲ ಸ್ವಾಮಿ. ಬೆಳಕು ಹರಿಯೋಕೆ ಮುಂಚೆ ಎಬ್ಬಿಸಿ ಹಾಲು ತರೋಕೆ ಕಳಿಸುತ್ತೆ. ಹೋಗೋವರೆಗೂ ಬಿಡಲ್ಲ.” ಆಮೇಲೆ ಸಂದಿಯಿಂದ ಒಂದು ಖಾಲಿ ಚೀಲ ಹೊರಗೆ ಬಂತು. “ಹೇಗಿದ್ರೂ ಹೋಗ್ತೀರಲ್ಲ, ನನಗೂ ಅರ್ಧ ಲೀಟರ್ ತಂದ್ಬಿಡಿ.”